ದ್ವೀಪದವರ ಬಾಯಲ್ಲಿ ಕೃಷ್ಣಪ್ಪ ಏನಾಗುತ್ತಾನೆ?

ಶಿರಸಿಯಿಂದ ಬರೆದ ಗೆಳೆಯರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕಾದಂಬರಿಗೆಂದು ಒಂದು ದ್ವೀಪ, ಅಲ್ಲೊಂದು ಜನ, ಅವರಿಗೊಂದು ಭಾಷೆ ಕಟ್ಟುತ್ತಿದ್ದೀರಿ. ಕನ್ನಡದ ಹಾಗೆ ಕೇಳಿಸಬಾರದು ಅಂತ 62 ಧ್ವನಿ ಸೇರಿಸಿದ್ದೀರಿ. ದೋಣಿಗೆ ಅವರ ಮಾತು ‘ಘ್ಝುಖ್‌ಳ್ತ’. ಅದನ್ನು ಓದಲಾಗದೆ ನಿಮ್ಮ ತಂಗಿ ಹಸ್ತಪ್ರತಿ ಮುಚ್ಚಿಟ್ಟರಂತೆ. ಹಾಗಾದರೆ ಎಷ್ಟು ಧ್ವನಿ ಇರಬೇಕು ಅಂತ ಕೇಳಿದ್ದೀರಿ.

ತಂಗಿಯ ಮಾತು ಕೇಳಿ. ನಾನೂ ಆ ಪದವನ್ನು ಜೋರಾಗಿ ಹೇಳಿ ನೋಡಿದೆ, ಅದು ಬಾಯಲ್ಲಿ ನಿಲ್ಲುವುದಿಲ್ಲ.

ಎಷ್ಟು ಅನ್ನೋದಕ್ಕೆ ಒಂದೇ ಲೆಕ್ಕ ಇಲ್ಲ. ಪಪುವಾ ನ್ಯೂಗಿನಿಯ ಎರಡು ದ್ವೀಪಗಳನ್ನೇ ನೋಡಿ. ಬೂಗನ್‌ವಿಲ್ ದ್ವೀಪದ ರೊಟೊಕಾಸ್ ಭಾಷೆಗೆ 12 ಅಕ್ಷರ ಸಾಕು, ಅದರಲ್ಲಿ ಮ, ನ ಎರಡೂ ಇಲ್ಲ. ರೊಸೆಲ್ ದ್ವೀಪದ ಭಾಷೆಯಲ್ಲಿ ಸುಮಾರು 90 ಧ್ವನಿಗಳಿವೆ. ಹಾಗಾಗಿ ನಿಮ್ಮ 62 ತಪ್ಪಲ್ಲ. ಆದರೆ ಅವುಗಳಲ್ಲಿ ಯಾವುದರ ಪಕ್ಕ ಯಾವುದು ಕೂರಬಹುದು, ಯಾವುದು ಕೂರಬಾರದು ಅನ್ನುವ ಕಟ್ಟುಪಾಡನ್ನೇ ನೀವು ಹಾಕಿಕೊಂಡಿಲ್ಲ. ಭಾಷೆಯ ದನಿ ಇರೋದು ಅಲ್ಲೇ.

ಹವಾಯಿ ಭಾಷೆಯನ್ನು ತಗೊಳ್ಳಿ. ವ್ಯಂಜನ ಬರೀ 8, ಅದರಲ್ಲೊಂದು ಗಂಟಲನ್ನು ಕ್ಷಣ ಮುಚ್ಚಿ ಬಿಡುವ ತಡೆ. ಸ್ವರ 5, ಹ್ರಸ್ವ ಮತ್ತು ದೀರ್ಘ. ಒತ್ತಕ್ಷರ ಇಲ್ಲ, ಪ್ರತಿ ಉಚ್ಚಾರವೂ ಸ್ವರದಲ್ಲೇ ಮುಗಿಯಬೇಕು. ಈ ಬಾಯಿಗೆ ಇಂಗ್ಲಿಷಿನ ‘ಮೆರಿ ಕ್ರಿಸ್ಮಸ್’ ಬಂದಾಗ ಏನಾಯ್ತು ನೋಡಿ: ‘ಮೆಲೆ ಕಲಿಕಿಮಕ’. ರ ಇಲ್ಲ, ಅದಕ್ಕೆ ಲ ಬಂತು. ಕ್ರಿ ಒಡೆದು ಕ-ಲಿ ಆಯ್ತು. ಸ ಇಲ್ಲ, ಅಲ್ಲಿ ಕ ಕೂತು ಸ್ವರ ಹಿಡಿದುಕೊಂಡಿತು. ಪದ ಹೊರಗಿನದು, ದನಿ ಪೂರ್ತಿ ಹವಾಯಿಯದು. ನಾವೂ ಬಸ್ಸು, ಕಾರು, ಇಸ್ಕೂಲು ಅನ್ನುವಾಗ ಮಾಡೋದು ಇದನ್ನೇ ಅಲ್ವಾ? ನನಗೆ ಇದಕ್ಕಿಂತ ಚೆಂದದ ಸಂಗತಿ ಭಾಷೆಯಲ್ಲಿ ಇನ್ನೊಂದಿಲ್ಲ.

ಇನ್ನು ಕನ್ನಡದ ಹಾಗೆ ಕೇಳಿಸಬಾರದು ಅನ್ನುವ ನಿಮ್ಮ ಆಸೆ. ಅದಕ್ಕೆ ಸೇರಿಸುವುದಕ್ಕಿಂತ ತೆಗೆಯುವುದು ಸುಲಭದ ದಾರಿ. ಕನ್ನಡ ಅಂತ ಕಿವಿಗೆ ಥಟ್ಟನೆ ಗೊತ್ತಾಗೋದು ಟ, ಡ, ಣ, ಳ ಗಳಿಂದ, ಅಕ್ಕ-ಹಕ್ಕಿ-ಬೆಟ್ಟದ ಒತ್ತಿನಿಂದ, ಪದದ ಕೊನೆಗೆ ಬಂದು ನಿಲ್ಲುವ ಉಕಾರದಿಂದ. ಈ ಮೂರನ್ನು ತೆಗೆದು ಬರೆದು ನೋಡಿ. ಮಿಕ್ಕವೆಲ್ಲ ನಮ್ಮ ಧ್ವನಿಗಳೇ ಆದರೂ ಊರು ಬೇರೆ ಅನಿಸುತ್ತದೆ, ಓದುವವರಿಗೂ ಕಷ್ಟ ಆಗುವುದಿಲ್ಲ.

ಪಕ್ಕದ ದ್ವೀಪದವರ ಮಾತು ‘ಸ್ವಲ್ಪ ಬೇರೆ’ ಇರಲಿ ಅಂತ ಅಲ್ಲಲ್ಲಿ ಅಕ್ಷರ ಬದಲಿಸಿದ್ದೀರಲ್ಲ, ಅದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಧ್ವನಿ ಹಾಗೆ ಸುಮ್ನೆ ಬದಲಾಗುವುದಿಲ್ಲ, ಸಾಲಾಗಿ ಬದಲಾಗುತ್ತದೆ. ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೊರಿ ಭಾಷೆ ಹವಾಯಿ ಭಾಷೆಯ ನಂಟಿನದು. ಮನುಷ್ಯನಿಗೆ ಮಾವೊರಿಯಲ್ಲಿ ‘ತಙತ’, ಹವಾಯಿಯಲ್ಲಿ ‘ಕನಕ’. ಅಲ್ಲಿನ ತ ಇಲ್ಲಿ ಕ, ಅಲ್ಲಿನ ಙ ಇಲ್ಲಿ ನ. ‘ತಪು’ ಅನ್ನುವ ನಿಷೇಧ ಇಲ್ಲಿ ‘ಕಪು’. ಹಾಗಾದರೆ ಹಳೆಯ ಕ ಎಲ್ಲಿ ಹೋಯ್ತು? ಮೀನಿಗೆ ಮಾವೊರಿಯಲ್ಲಿ ‘ಇಕ’, ಹವಾಯಿಯಲ್ಲಿ ಇ ಮತ್ತು ಅ ನಡುವೆ ಆ ಗಂಟಲ ತಡೆ ಮಾತ್ರ ಉಳಿದಿದೆ. ಒಂದು ಜಾಗ ಬಿಟ್ಟಿತು, ಇನ್ನೊಂದು ಅಲ್ಲಿಗೆ ಬಂತು. ಹಳಗನ್ನಡದ ಪಾಲ್, ಪುಲಿ, ಪೂ ನಮ್ಮಲ್ಲಿ ಹಾಲು, ಹುಲಿ, ಹೂ ಆಗಿದ್ದೂ ಹೀಗೆ ಸಾಲಾಗಿಯೇ. ಎರಡೇ ಎರಡು ನಿಯಮ ಇಟ್ಟುಕೊಂಡು ಎಲ್ಲ ಪದಕ್ಕೂ ಅನ್ವಯಿಸಿ, ಎರಡು ದ್ವೀಪಗಳ ನಂಟು ಓದುಗರಿಗೆ ತಾನಾಗಿ ಕಾಣುತ್ತದೆ.

ಆಮೇಲೆ ನಿಮ್ಮ ಕಥೆಯಲ್ಲಿ ಹಡಗಿನಿಂದ ಇಳಿಯುವ ವ್ಯಾಪಾರಿ ಕೃಷ್ಣಪ್ಪ ಇದ್ದಾನಲ್ಲ, ಅವನ ಹೆಸರನ್ನು ದ್ವೀಪದ ಮಗುವೊಂದು ಕೂಗಲಿ. ಹವಾಯಿಯ ಕಟ್ಟುಪಾಡಿನಲ್ಲಿ ಅದು ಸುಮಾರು ‘ಕಲಿಕಿನಪ’ ಆಗುತ್ತದೆ. ನಿಮ್ಮ ದ್ವೀಪದಲ್ಲಿ ಏನಾಗುತ್ತದೆ ಅಂತ ಬರೆದು ಕಳಿಸಿ, ಕಾಯುತ್ತೇನೆ.

– ಸಂ.