ಅಪ್ಪನಿಗೆ ಹಾಲಿವುಡ್ ತೋರಿಸುವುದಾದರೆ ಎಲ್ಲಿಂದ ಶುರು ಮಾಡಬೇಕು?

ಮೇಡಂ, ನೀವು ಕೇಳಿರುವುದು ಎರಡು ಪ್ರಶ್ನೆ. ರಾಜ್‌ಕುಮಾರ್ ಸಿನಿಮಾ ನೋಡಿಕೊಂಡೇ ಬೆಳೆದ, ಇಂಗ್ಲಿಷ್ ಅಷ್ಟಾಗಿ ಬಾರದ, ಹಿಂದಿ ಪರವಾಗಿಲ್ಲ ಅನ್ನುವ ನಿಮ್ಮ ಅಪ್ಪನಿಗೆ ಹಾಲಿವುಡ್‌ನಲ್ಲಿ ಏನು ತೋರಿಸಲಿ ಅನ್ನುವುದು ಒಂದು. 'ಇನ್ಸೆಪ್ಷನ್' ಹಾಕಿದಿರಿ, ಅವರು ಅರ್ಧ ಗಂಟೆಗೇ ನಿದ್ದೆ ಹೋದರು ಅಂತ ಬರೆದಿದ್ದೀರಿ. ನಿಮ್ಮ ಮಗ ಹೇಳುವ ಹಾಗೆ ನಮ್ಮವರು ಮಾಡುವುದೆಲ್ಲ ಬರೀ ಕಾಪಿನಾ ಅನ್ನುವುದು ಇನ್ನೊಂದು.

ಮೇಲೆ ಒಬ್ಬರು ನಿಮಗೆ ಉತ್ತರವಾಗಿ, ಸಿನಿಮಾಗಳಿಗೆ ಜನ ಅಂಕ ಕೊಡುವ ವೆಬ್‌ಸೈಟ್ ಐಎಂಡಿಬಿಯ ಟಾಪ್ ಪಟ್ಟಿಯನ್ನೇ ತಂದು ಹಾಕಿದ್ದಾರೆ. ಸಿನಿಮಾಗಳು ಒಳ್ಳೆಯವೇ, ತಕರಾರಿಲ್ಲ. ಆದರೆ ಅದೇ ಕ್ರಮದಲ್ಲಿ ಹೋದರೆ ಮೊದಲು 'ಶಾಶಾಂಕ್ ರಿಡೆಂಪ್ಷನ್', ಆಮೇಲೆ 'ಗಾಡ್‌ಫಾದರ್'. ಎರಡರಲ್ಲೂ ಮಾತು ಜಾಸ್ತಿ. 'ಗಾಡ್‌ಫಾದರ್' ಶುರುವಿನ ಮದುವೆ ಮನೆಯಲ್ಲಿ ಯಾರು ಮಗ, ಯಾರು ಅಳಿಯ, ಯಾರು ಸಾಕಿದ ಹುಡುಗ ಅಂತ ಲೆಕ್ಕ ಸಿಗುವ ಹೊತ್ತಿಗೆ ನಿಮ್ಮಪ್ಪ ಮತ್ತೆ ದಿಂಬು ಕೇಳಿರುತ್ತಾರೆ.

ತಪ್ಪು ಅವರದ್ದಲ್ಲ. ಸಬ್‌ಟೈಟಲ್ ಓದಿ ಅಭ್ಯಾಸ ಇಲ್ಲದವರಿಗೆ ಕಣ್ಣು ಪೂರ್ತಿ ಪರದೆಯ ಕೆಳಗೇ ಇರುತ್ತದೆ. ಒಂದು ಸಾಲು ಓದಿ ತಲೆ ಎತ್ತುವಷ್ಟರಲ್ಲಿ ನಟನ ಮುಖ ಹೋಗಿ ಇನ್ನೊಬ್ಬರ ಮುಖ ಬಂದಿರುತ್ತದೆ. 'ಇನ್ಸೆಪ್ಷನ್' ಅಂತೂ ತನ್ನ ನಿಯಮಗಳನ್ನೆಲ್ಲ ಬಾಯಲ್ಲೇ ವಿವರಿಸುವ ಸಿನಿಮಾ. ಕನಸಿನೊಳಗೆ ಕನಸು, ಒಳಗೆ ಹೋದಷ್ಟೂ ಸಮಯ ನಿಧಾನ, ಎಚ್ಚರ ಆಗಲು ಹೀಗೆ, ಸತ್ತರೆ ಹಾಗೆ. ಸೆಟ್ಟನ್ನೇ ಗಿರಗಿರ ತಿರುಗಿಸಿ ತೆಗೆದ ಆ ಹೋಟೆಲ್ ಕಾರಿಡಾರ್ ಹೊಡೆದಾಟ ನನಗೆ ಇವತ್ತಿಗೂ ಇಷ್ಟ. ಆದರೆ ಅಲ್ಲಿಯ ತನಕ ಎಚ್ಚರ ಇರಬೇಕಲ್ಲ!

ಹಾಗಾಗಿ ಮಾತು ಅರ್ಥವಾಗದಿದ್ದರೂ ಕಣ್ಣಿಗೇ ಕಥೆ ತಿಳಿಯುವ ಸಿನಿಮಾಗಳಿಂದ ಶುರು ಮಾಡಿ. ಮಾತಿನ ಸಿನಿಮಾ ಆಮೇಲೆ.

ನನ್ನ ಕೇಳಿದರೆ ಮೊದಲನೆಯದು 'ಡ್ಯುಯೆಲ್'. 1971ರದ್ದು. ಸ್ಟೀವನ್ ಸ್ಪಿಲ್‌ಬರ್ಗ್ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಟಿವಿಗಾಗಿ, ಎರಡು ವಾರದೊಳಗೆ ಶೂಟಿಂಗ್ ಮುಗಿಸಿ ಮಾಡಿದ ಚಿತ್ರ. ಒಬ್ಬ ಕೆಲಸದ ಮೇಲೆ ಕೆಂಪು ಕಾರಿನಲ್ಲಿ ಹೊರಟಿದ್ದಾನೆ. ದಾರಿಯಲ್ಲಿ ಒಂದು ಹಳೇ, ಕೊಳಕು ಟ್ಯಾಂಕರ್ ಲಾರಿಯನ್ನು ಓವರ್‌ಟೇಕ್ ಮಾಡುತ್ತಾನೆ. ಅಷ್ಟೇ ಕಾರಣ. ಆ ಲಾರಿ ಅವನ ಬೆನ್ನು ಬೀಳುತ್ತದೆ. ಡ್ರೈವರ್ ಮುಖ ಕೊನೆಯ ತನಕ ಕಾಣುವುದಿಲ್ಲ. ಒಂದು ತೋಳು, ಒಂದು ಜೊತೆ ಬೂಟು, ಅಷ್ಟೇ.

ಇದನ್ನು ನಮ್ಮ ಮಾವನವರ ಜೊತೆ ನೋಡಿದ್ದೇನೆ. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ಒಂದು ಕಡೆ ಲಾರಿಯವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗು ಹೋಗು ಅಂತ ಸನ್ನೆ ಮಾಡುತ್ತಾನೆ. ಕಾರಿನವನು ಬಲಕ್ಕೋ ಎಡಕ್ಕೋ ತಿರುಗಿಸುವ ಮೊದಲೇ ಮಾವ ಕುರ್ಚಿಯಿಂದ ಮುಂದೆ ಬಂದು, 'ಹೋಗಬೇಡ ಕಣೋ, ಎದುರಿಗೆ ಗಾಡಿ ಬರ್ತಿದೆ' ಅಂದರು. ಸರಿಯಾಗಿ ಎದುರಿಗೆ ಗಾಡಿ! ಇಂಗ್ಲಿಷ್ ಬಂದ ನಮಗಿಂತ ಅವರಿಗೇ ಸಿನಿಮಾ ಮೊದಲು ಅರ್ಥವಾಗಿತ್ತು. ಇನ್ನೊಂದು ಕಡೆ ಕಾರಿನವನು ಹೋಟೆಲಿಗೆ ಹೋಗಿ ಕೂರುತ್ತಾನೆ. ಲಾರಿ ಹೊರಗೆ ನಿಂತಿದೆ. ಅಂದರೆ ಡ್ರೈವರ್ ಒಳಗೇ ಇದ್ದಾನೆ. ಅಲ್ಲಿ ಕೂತವರಲ್ಲಿ ಸುಮಾರು ಜನ ಅದೇ ಥರದ ಬೂಟು ಹಾಕಿದ್ದಾರೆ. ಯಾರು ಅಂತ ಅವನೂ ನೋಡುತ್ತಾನೆ, ನಾವೂ ನೋಡುತ್ತೇವೆ. ಅಲ್ಲಿ ಅವನ ಮನಸ್ಸಿನ ಮಾತು ಒಂದಿಷ್ಟು ಕೇಳಿಸುತ್ತದೆ, ಅದು ತಿಳಿಯದಿದ್ದರೂ ನಡೆಯುತ್ತದೆ. ಥಿಯೇಟರಿಗೆಂದು ಬೆಳೆಸಿದ ಆವೃತ್ತಿಯೂ ಒಂದೂವರೆ ಗಂಟೆ ಮಾತ್ರ.

ಎರಡನೆಯದು 'ಕಾಸ್ಟ್ ಅವೇ', 2000ದ್ದು. ವಿಮಾನ ಬಿದ್ದು ಟಾಮ್ ಹ್ಯಾಂಕ್ಸ್ ಒಬ್ಬನೇ ದ್ವೀಪದಲ್ಲಿ ಸಿಕ್ಕಿಕೊಳ್ಳುತ್ತಾನೆ. ಮಾತಾಡಲು ಜೊತೆಗೆ ಒಂದು ವಾಲಿಬಾಲ್. ಶುರುವಿನ ಇಪ್ಪತ್ತು ನಿಮಿಷ ಮಾತಿದೆ. ಅದಕ್ಕೆ ನೀವೇ ಮೊದಲು ಎರಡು ಸಾಲು ಹೇಳಿಬಿಡಿ: ಇವನು ಪಾರ್ಸೆಲ್ ಕಂಪನಿಯವನು, ಗಡಿಯಾರ ನೋಡಿಕೊಂಡೇ ಬದುಕುವವನು, ಮದುವೆ ಆಗಬೇಕಾದ ಹುಡುಗಿ ಇದ್ದಾಳೆ. ದ್ವೀಪಕ್ಕೆ ಬಂದ ಮೇಲೆ ಏನೂ ಹೇಳಬೇಕಿಲ್ಲ. ಒಂದು ವಿಷಯ ಗಮನಿಸಿ, ದ್ವೀಪದಲ್ಲಿ ಇರುವಷ್ಟು ಹೊತ್ತು ಹಿನ್ನೆಲೆ ಸಂಗೀತವೇ ಇಲ್ಲ. ಗಾಳಿ, ಅಲೆ, ತೆಂಗಿನಕಾಯಿ ಬೀಳುವ ಸದ್ದು, ಅಷ್ಟೇ. ಅವನು ದ್ವೀಪ ಬಿಟ್ಟು ಹೊರಟಾಗ ಮೊದಲ ಸಲ ಸಂಗೀತ ಬರುತ್ತದೆ. ನಮ್ಮಲ್ಲಾಗಿದ್ದರೆ ಆ ಹೊತ್ತಿಗೆ ಮೂರು ಬಿಟ್ ಸಾಂಗ್ ಆಗಿರುತ್ತಿತ್ತು. ಹ್ಯಾಂಕ್ಸ್ ನಿಜವಾಗಿಯೂ ತೂಕ ಇಳಿಸಿಕೊಳ್ಳಲಿ ಅಂತ ಶೂಟಿಂಗನ್ನು ಸುಮಾರು ಒಂದು ವರ್ಷ ನಿಲ್ಲಿಸಿದ್ದರು. ಇದನ್ನು ಅಪ್ಪನಿಗೆ ಹೇಳಿ, ಖಂಡಿತ ಇಷ್ಟಪಡುತ್ತಾರೆ. ಒಂದು ಎಚ್ಚರಿಕೆ: ಐಸ್ ಸ್ಕೇಟಿಂಗ್ ಬೂಟಿನಿಂದ ತನ್ನ ಹಲ್ಲು ತಾನೇ ಕೀಳುವ ದೃಶ್ಯ ಇದೆ. ಅಮ್ಮ ಎದ್ದು ಅಡುಗೆ ಮನೆಗೆ ಹೋಗಬಹುದು.

ಅಂದ ಹಾಗೆ ಇಂಟರ್ವಲ್ ವಿಷಯ. ನಮ್ಮ ಸಿನಿಮಾ ಬರೆಯುವವರು ಇಂಟರ್ವಲ್ ಎಲ್ಲಿ ಅಂತ ಮೊದಲೇ ಯೋಚಿಸಿ ಬರೆಯುತ್ತಾರೆ. 'ಆರ್‌ಆರ್‌ಆರ್'ನಲ್ಲಿ ಲಾರಿಯಿಂದ ಹುಲಿ, ಜಿಂಕೆ ಎಲ್ಲ ಬಂಗಲೆಯ ಅಂಗಳಕ್ಕೆ ಹಾರುತ್ತವಲ್ಲ, ಅದು ಇಂಟರ್ವಲ್‌ಗೆ ಅಂತಲೇ ಕಟ್ಟಿದ ಭಾಗ. ಹಾಲಿವುಡ್‌ನವರಿಗೆ ಈ ಯೋಚನೆ ಇಲ್ಲ. ಅದಕ್ಕೇ ನಮ್ಮ ಥಿಯೇಟರ್‌ಗಳಲ್ಲಿ ಇಂಗ್ಲಿಷ್ ಸಿನಿಮಾವನ್ನು ಮಾತಿನ ನಡುವೆ ಕಚಕ್ಕಂತ ನಿಲ್ಲಿಸಿ ಪಾಪ್‌ಕಾರ್ನ್ ಮಾರುತ್ತಾರೆ. ಮನೆಯಲ್ಲಿ ಜಾಗ ನೀವೇ ಆರಿಸಿಕೊಳ್ಳಿ. 'ಕಾಸ್ಟ್ ಅವೇ'ಯಲ್ಲಿ ಆ ಹಲ್ಲಿನ ದೃಶ್ಯ ಆದ ಕೂಡಲೇ 'ನಾಲ್ಕು ವರ್ಷದ ನಂತರ' ಅಂತ ಬರುತ್ತದೆ. ಅಲ್ಲಿ ನಿಲ್ಲಿಸಿ ಕಾಫಿ ಕೊಡಿ.

ಆಮೇಲೆ 'ಜಾಸ್' (1975), ಬೀಚಿಗೆ ಬಂದವರನ್ನು ತಿನ್ನುವ ಶಾರ್ಕ್ ಕಥೆ. ಸಮುದ್ರದ ನೀರಿಗೆ ಬಿಟ್ಟಾಗಲೆಲ್ಲ ಯಂತ್ರದ ಶಾರ್ಕ್ ಕೆಟ್ಟು ನಿಲ್ಲುತ್ತಿತ್ತು. ಬೇರೆ ದಾರಿ ಇಲ್ಲದೆ ಶಾರ್ಕ್ ತೋರಿಸದೇ ಹೆದರಿಸಿದರು. ಒಂದು ಗಂಟೆ ದಾಟಿದರೂ ಅದು ಸರಿಯಾಗಿ ಕಾಣುವುದಿಲ್ಲ. ಬೀಚಿನಲ್ಲಿ ಪೊಲೀಸ್ ಅಧಿಕಾರಿ ಕುರ್ಚಿ ಹಾಕಿಕೊಂಡು ನೀರನ್ನೇ ನೋಡುತ್ತಿರುವ ದೃಶ್ಯ ಬರುತ್ತದೆ. ಅವನ ಮುಂದೆ ಜನ ಅತ್ತಿತ್ತ ಹೋಗುತ್ತಾರೆ, ಒಬ್ಬೊಬ್ಬರು ಅಡ್ಡ ಬಂದಾಗಲೂ ಅವನು ಕತ್ತು ವಾಲಿಸುತ್ತಾನೆ. ನೋಡುತ್ತಾ ನಾವೂ ವಾಲಿಸುತ್ತೇವೆ. ಬೇಕಿದ್ದರೆ ಆ ಹೊತ್ತಿನಲ್ಲಿ ಅಪ್ಪನ ಕಡೆ ತಿರುಗಿ ನೋಡಿ. ಮೊದಲ ದೃಶ್ಯದಲ್ಲಿ ಒಬ್ಬ ಹುಡುಗಿ ಕತ್ತಲಲ್ಲಿ ಬಟ್ಟೆ ಬಿಚ್ಚಿ ಈಜಲು ಹೋಗುತ್ತಾಳೆ, ಮಸುಕಾಗಿ ಕಾಣುತ್ತದೆ. ಮನೆಮಂದಿ ಜೊತೆ ಕೂತಾಗ ರಿಮೋಟ್ ಹುಡುಕುವ ಪರಿಸ್ಥಿತಿ ಬೇಡ ಅಂದರೆ ಮೊದಲೇ ತಿಳಿದಿರಲಿ.

ಮಗನನ್ನೂ ಕೂರಿಸುವುದಾದರೆ 'ಜುರಾಸಿಕ್ ಪಾರ್ಕ್' (1993). ಎರಡು ಗಂಟೆಗೂ ಜಾಸ್ತಿ ಇರುವ ಸಿನಿಮಾದಲ್ಲಿ ಡೈನೋಸಾರ್ ಕಾಣುವುದು ಹೆಚ್ಚುಕಮ್ಮಿ ಹದಿನೈದು ನಿಮಿಷ ಮಾತ್ರ ಅಂತ ಅವನಿಗೆ ಹೇಳಿ, ನಂಬುವುದಿಲ್ಲ. ಕಾರಿನಲ್ಲಿಟ್ಟ ಲೋಟದ ನೀರು ಉಂಗುರ ಉಂಗುರವಾಗಿ ನಡುಗುತ್ತದಲ್ಲ, ಅದು ಡ್ಯಾಶ್‌ಬೋರ್ಡ್ ಕೆಳಗೆ ಗಿಟಾರ್ ತಂತಿ ಕಟ್ಟಿ ಮೀಟಿದ್ದು. ಕಂಪ್ಯೂಟರ್ ಅಲ್ಲ.

ಇಷ್ಟು ಆದ ಮೇಲೆ ಮಾತಿನ ಸಿನಿಮಾಕ್ಕೆ ಬನ್ನಿ. 'ಟ್ವೆಲ್ವ್ ಆಂಗ್ರಿ ಮೆನ್' 1957ರದ್ದು. ಹೆಚ್ಚುಕಮ್ಮಿ ಇಡೀ ಸಿನಿಮಾ ಒಂದೇ ಕೋಣೆ, ಕೊಲೆ ಕೇಸಿನಲ್ಲಿ ತೀರ್ಮಾನ ಹೇಳಬೇಕಾದ ಹನ್ನೆರಡು ಜನ, ಒಬ್ಬ ಹುಡುಗನ ಜೀವದ ಪ್ರಶ್ನೆ. ಅಪ್ಪನಿಗೆ ಹಿಂದಿ ಪರವಾಗಿಲ್ಲ ಅಂದಿರಲ್ಲ, ಮೊದಲು ಬಾಸು ಚಟರ್ಜಿಯವರು ಅದನ್ನೇ ಹಿಂದಿಯಲ್ಲಿ ಮಾಡಿದ 'ಏಕ್ ರುಕಾ ಹುವಾ ಫೈಸ್ಲಾ' (1986) ತೋರಿಸಿ. ಕಥೆ ತಿಳಿದ ಮೇಲೆ ಮೂಲ ನೋಡಿದರೆ ಸಬ್‌ಟೈಟಲ್ ಚಿಂತೆ ಇರುವುದಿಲ್ಲ, ಮುಖ ನೋಡಬಹುದು. ಮೂಲದಲ್ಲಿ ಕ್ಯಾಮೆರಾ ಮೊದಲು ತಲೆಗಿಂತ ಮೇಲಿರುತ್ತದೆ, ಹೋಗ್ತಾ ಹೋಗ್ತಾ ಕೆಳಗಿಳಿಯುತ್ತದೆ. ಕೊನೆಗೆ ಚಾವಣಿಯೂ ಕಾಣುತ್ತದೆ, ಕೋಣೆ ಚಿಕ್ಕದಾದ ಹಾಗೆ ಅನ್ನಿಸುತ್ತದೆ. ಹಿಂದಿಯದು ಕೂಗಾಟ ಸ್ವಲ್ಪ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಆದರೂ ಅದರಲ್ಲಿ ನಟಿಸಿರುವ ಪಂಕಜ್ ಕಪೂರ್‌ಗಾಗಿ ನೋಡಬಹುದು.

ಸದ್ಯಕ್ಕೆ ಬೇಡ ಅನ್ನುವವು: 'ಅವೆಂಜರ್ಸ್: ಎಂಡ್‌ಗೇಮ್' ಬೇಡವೇ ಬೇಡ. ಅದಕ್ಕೂ ಮೊದಲು ಇಪ್ಪತ್ತಕ್ಕೂ ಹೆಚ್ಚು ಸಿನಿಮಾ ನೋಡಿರಬೇಕು, ಇಲ್ಲದಿದ್ದರೆ ಯಾರು ಯಾಕೆ ಅಳುತ್ತಿದ್ದಾರೆ ಅಂತಲೇ ತಿಳಿಯಲ್ಲ. 'ಇನ್ಸೆಪ್ಷನ್' ಮಾಡಿದ ನೋಲನ್ ಅವರ ಸಿನಿಮಾವೇ ಬೇಕು ಅಂದರೆ 'ಡನ್‌ಕರ್ಕ್' (2017) ಹಾಕಿ, ಮಾತು ಬಹಳ ಕಡಿಮೆ. ಆದರೆ ದಡದಲ್ಲಿ ಒಂದು ವಾರದ ಕಥೆ, ದೋಣಿಯಲ್ಲಿ ಒಂದು ದಿನದ್ದು, ವಿಮಾನದಲ್ಲಿ ಒಂದು ಗಂಟೆಯದ್ದು, ಮೂರನ್ನೂ ಹೆಣೆದಿದ್ದಾರೆ. ಅದನ್ನು ಮೊದಲೇ ಹೇಳದಿದ್ದರೆ ಯಾರಿಗಾದರೂ ಗೊಂದಲವೇ.

ಟಿವಿ ಕಡೆಗೂ ಸ್ವಲ್ಪ ಗಮನ ಕೊಡಿ. ಹೊಸ ಟಿವಿಗಳಲ್ಲಿ ಚಿತ್ರವನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಒಂದೊಂದು ಕಂಪನಿಯದ್ದು ಒಂದೊಂದು ಹೆಸರು, 'ಮೋಷನ್' ಅಂತ ಏನೋ ಇರುತ್ತದೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಎಂಥ ಸಿನಿಮಾವೂ ಧಾರಾವಾಹಿ ಥರ ಕಾಣುತ್ತದೆ. ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿ, ಹಿಂದೆ ಕಪ್ಪು ಪಟ್ಟಿ ಇಡಿ. ಆಡಿಯೋ 5.1ರಲ್ಲಿದ್ದರೆ (ಅಂದರೆ ಆರು ಸ್ಪೀಕರ್‌ಗೆಂದು ಮಾಡಿದ್ದು) ಎರಡು ಸ್ಪೀಕರ್‌ನ ಸ್ಟೀರಿಯೋಗೆ ಬದಲಾಯಿಸಿ ನೋಡಿ, ಮಾತು ಪಿಸುಗುಟ್ಟಿ ಸ್ಫೋಟ ಮಾತ್ರ ಕಿವಿ ಹರಿಯುವ ತೊಂದರೆ ಸಾಮಾನ್ಯವಾಗಿ ಕಡಿಮೆ ಆಗುತ್ತದೆ.

ಇನ್ನು ಕಾಪಿ ವಿಷಯ. ನಿಮ್ಮ ಮಗನಿಗೆ ಇದನ್ನು ಓದಿಸಿ. 'ಶೋಲೆ'ಯಲ್ಲಿ ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯಕ್ಕೆ ಇಟಲಿಯ ನಿರ್ದೇಶಕ ಸರ್ಜಿಯೋ ಲಿಯೋನೆಯ 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಪ್ರೇರಣೆ, ಅದು ನಿಜ. ಆದರೆ ಅದೇ ಲಿಯೋನೆ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಅನ್ನು ಜಪಾನಿನ ನಿರ್ದೇಶಕ ಕುರೋಸಾವಾರ 'ಯೋಜಿಂಬೋ'ದಿಂದ ಎತ್ತಿದ್ದು. ಜಪಾನಿನವರು ಕೇಸ್ ಹಾಕಿ, ಕೊನೆಗೆ ದುಡ್ಡು ಕೊಟ್ಟು ರಾಜಿಯಾಗಬೇಕಾಯಿತು. ಕುರೋಸಾವಾರದ್ದೇ 'ಸೆವೆನ್ ಸಮುರಾಯ್' ಅಮೆರಿಕದಲ್ಲಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಆಯಿತು. ತಂದಿದ್ದನ್ನು ಏನು ಮಾಡಿದರು ಅನ್ನುವುದನ್ನು ನೋಡಬೇಕು. ರಾಮನಗರದ ಬಂಡೆಗಳ ಮೇಲೆ ಗಬ್ಬರ್ ಬೆಲ್ಟ್ ಎಳೆದುಕೊಂಡು ನಡೆಯುವುದು ಯಾವ ಇಂಗ್ಲಿಷ್ ಸಿನಿಮಾದಲ್ಲೂ ಇಲ್ಲ. ಸುಮ್ನೆ ನಕಲು ಮಾಡಿದವರೂ ಬೇಕಾದಷ್ಟಿದ್ದಾರೆ, ಅವರ ಪರ ನಾನಂತೂ ವಾದ ಮಾಡಲ್ಲ.

ನಮ್ಮಿಂದ ಹೊರಗೆ ಹೋಗಿದ್ದೂ ಇದೆ. ನಿಮ್ಮಪ್ಪನ ಪ್ರೀತಿಯ 'ಕಸ್ತೂರಿ ನಿವಾಸ' (1971) ಹಿಂದಿಗೂ ಹೋಯಿತು, ಶಿವಾಜಿ ಗಣೇಶನ್ ಅದನ್ನು ತಮಿಳಿನಲ್ಲಿ ಮಾಡಿದರು. ಮಲಯಾಳಂನ 'ದೃಶ್ಯಂ' ಕನ್ನಡದಲ್ಲಿ ರವಿಚಂದ್ರನ್ ಅವರ 'ದೃಶ್ಯ' ಆಗಿದ್ದು ಎಲ್ಲರಿಗೂ ಗೊತ್ತು. 2019ರಲ್ಲಿ ಅದು ಚೀನೀ ಭಾಷೆಯಲ್ಲೂ ಬಂತು. ಸಿನಿಮಾ ನೋಡಿ ನೋಡಿಯೇ ಪೊಲೀಸರನ್ನು ಯಾಮಾರಿಸಲು ಕಲಿತ ಕೇಬಲ್ ಟಿವಿಯವನ ಕಥೆ. ಸ್ಫೋಟ ಇಲ್ಲ, ಕಾರ್ ಚೇಸ್ ಇಲ್ಲ. ನನ್ನ ಲೆಕ್ಕದಲ್ಲಿ ಹಾಲಿವುಡ್‌ನ ಅರ್ಧಕ್ಕರ್ಧ ಥ್ರಿಲ್ಲರ್‌ಗಳಿಗಿಂತ ಗಟ್ಟಿ.

'ಕೆಜಿಎಫ್' ಬಗ್ಗೆಯೂ ಒಂದು ಮಾತು. ಮೊದಲ ಭಾಗ ನನಗೆ ಇಷ್ಟ, ಎರಡನೆಯದರಲ್ಲಿ ಪ್ರತಿಯೊಬ್ಬರೂ ಡೈಲಾಗ್ ಹೊಡೆಯುತ್ತಾರೆ, ಸುಮ್ಮನಿರುವವರೇ ಇಲ್ಲ. 'ಕಾಂತಾರ' (2022) ನಡುವೆ ಎಳೆಯುತ್ತದೆ, ಆದರೆ ಕೊನೆಯ ಇಪ್ಪತ್ತು ನಿಮಿಷಕ್ಕೆ ಅದೆಲ್ಲ ಮಾಫಿ. ಮಗನಿಗೆ ಒಂದು ಬೇರೆ ಥರದ ಕನ್ನಡ ಸಿನಿಮಾ ತೋರಿಸಬೇಕು ಅಂದರೆ 'ತಿಥಿ'. ಮಂಡ್ಯ ಕಡೆಯ ನೊದೆಕೊಪ್ಪಲಿನ ಜನರೇ ನಟಿಸಿದ್ದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಂದಿದ್ದು. ಅದರಲ್ಲಿ ಗಡ್ಡಪ್ಪ ಅನ್ನುವ ಮುದುಕ ನಡೆಯುವ ರೀತಿ ನೋಡಲಿಕ್ಕೇ ದುಡ್ಡು ಕೊಡಬಹುದು.

ಇನ್ನೊಂದು ಮಾತು. ನಿಮ್ಮಪ್ಪನಿಗೆ ಹಾಲಿವುಡ್ ಶೈಲಿ ಪೂರ್ತಿ ಹೊಸದೇನಲ್ಲ. 1968ರ 'ಜೇಡರ ಬಲೆ'ಯಲ್ಲಿ ಸಿಐಡಿ 999 ಆಗಿ ರಾಜಣ್ಣನನ್ನು ನೋಡಿರುತ್ತಾರೆ, ಅದು ನಮ್ಮ ಬಾಂಡ್. ಆದರೆ ಹಾಲಿವುಡ್ ಸಿನಿಮಾ ಕನ್ನಡದಲ್ಲಿ ಕೇಳುವ ಅವಕಾಶ ಆ ತಲೆಮಾರಿಗೆ ಸಿಗಲೇ ಇಲ್ಲ. ಡಬ್ಬಿಂಗ್‌ಗೆ ದಶಕಗಟ್ಟಲೆ ತಡೆ ಇತ್ತಲ್ಲ. 2015ರಲ್ಲಿ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕಾಂಪಿಟಿಷನ್ ಕಮಿಷನ್ ಆ ತಡೆ ಸರಿಯಲ್ಲ ಅಂತ ಆದೇಶ ಕೊಟ್ಟ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. 2022ರ 'ಅವತಾರ್: ದಿ ವೇ ಆಫ್ ವಾಟರ್' ಕನ್ನಡದಲ್ಲೂ ಬಂತು. ಹಾಗಾಗಿ ಆ್ಯಪ್‌ನಲ್ಲಿ ಸಿನಿಮಾ ಹಾಕುವ ಮೊದಲು ಆಡಿಯೋ ಪಟ್ಟಿ ಒಮ್ಮೆ ತೆರೆದು ನೋಡಿ, ಕೆಲವಕ್ಕೆ ಕನ್ನಡ ಸಿಗುತ್ತದೆ. ಥಿಯೇಟರಿಗೆ ಕರೆದೊಯ್ಯುವುದಾದರೆ ಕನ್ನಡದ 2ಡಿ ಶೋ ಹುಡುಕಿ, ಬೆಳಗಿನದ್ದಾದರೆ ಇನ್ನೂ ಒಳ್ಳೆಯದು. ಕನ್ನಡಕದ ಮೇಲೆ 3ಡಿ ಕನ್ನಡಕ ಹಾಕಿಕೊಂಡು ಮೂರು ಗಂಟೆ ಕೂರುವುದು ಆ ವಯಸ್ಸಿಗೆ ಹಿಂಸೆ.

'ಡ್ಯುಯೆಲ್' ನೋಡಿ ಅಪ್ಪ ಏನಂದರು ಅಂತ ಇಲ್ಲೇ ಬರೆಯಿರಿ. ಅವರಿಗೆ ಹಿಡಿಸಿದರೆ ಕೌಬಾಯ್ ಸಿನಿಮಾಗಳ ಪಟ್ಟಿ ಬೇರೆ ಇದೆ, ಹಾಕುತ್ತೇನೆ.