ವಿಮಾನ ಕಾಣಿಸ್ತಿಲ್ಲ ಅಂತ ಎಲ್‌ಎನ್‌ಎ ಕೊಳ್ಳೋಕೆ ಓಡಬೇಡಿ

ತಿಂಗಳಿಗೆ ಒಂದ್ಸಲ ಉತ್ತರ ಬರೀತೀನಿ ಅಂದಿದ್ದೆ, ಈ ಸಲ ಹತ್ತೇ ದಿನಕ್ಕೆ ಕೂತಿದೀನಿ, ಯಾಕಂದ್ರೆ ಒಂದೇ ಪ್ರಶ್ನೇನ ಏಳೆಂಟು ಜನ ಬೇರೆ ಬೇರೆ ಅಂಗಿ ತೊಡಿಸಿ ಕಳ್ಸಿದ್ದಾರೆ. ವಿಷಯ ಪ್ಯಾಸಿವ್ ರೇಡಾರ್. ಅಂದ್ರೆ ನಾವೇನೂ ಟ್ರಾನ್ಸ್‌ಮಿಟ್ ಮಾಡದೆ, ಊರಲ್ಲಿ ಹೇಗೂ ಇರೋ ಎಫ್‌ಎಂ ಸ್ಟೇಷನ್ ಸಿಗ್ನಲ್ ವಿಮಾನಕ್ಕೆ ಬಡಿದು ಚದುರಿ ಬರೋದನ್ನ ಹಿಡಿದು ವಿಮಾನ ಎಲ್ಲಿದೆ ಅಂತ ಹೇಳೋದು. ಎಲ್‌ಎನ್‌ಎ ಅಂದ್ರೆ ಆಂಟೆನಾಕ್ಕೆ ಬಂದ ಸಣ್ಣ ಸಿಗ್ನಲ್ ಜೋರು ಮಾಡೋ ಆಂಪ್ಲಿಫೈಯರ್, ಡಾಪ್ಲರ್ ಅಂದ್ರೆ ಓಡೋ ವಸ್ತುವಿಗೆ ಬಡಿದ ಅಲೆಯ ಆವರ್ತನ ಸ್ವಲ್ಪ ಬದಲಾಗೋದು, ಎಸ್‌ಡಿಆರ್ ಅಂದ್ರೆ ಕಚ್ಚಾ ರೇಡಿಯೋ ಸಿಗ್ನಲ್ಲನ್ನ ಕಂಪ್ಯೂಟರಿಗೆ ಕೊಡೋ ರಿಸೀವರ್, ಇದಕ್ಕಿಂತ ಇಲ್ಲಿ ಬಿಡಿಸಿ ಹೇಳಲ್ಲ, ಇನ್ನೂ ಬೇಕಿದ್ರೆ ಓದ್ಕೊಂಡು ಬನ್ನಿ, ಈ ಪುಟ ಎಲ್ಲೂ ಓಡಿಹೋಗಲ್ಲ.

ಚಿಲ್ಲರೆ ಮೊದ್ಲು ಮುಗಿಸ್ತೀನಿ.

ಮೊಬೈಲಲ್ಲಿರೋ ಎಫ್‌ಎಂ ಆಪಿಂದ ಮಾಡ್ಬಹುದಾ ಸಾರ್?

ಆಗಲ್ಲ. ಆ ಚಿಪ್ಪು ನಿಮಗೆ ಕೊಡೋದು ಹಾಡು ಮಾತ್ರ, ನಮಗೆ ಬೇಕಿರೋದು ಹಾಡಾಗೋಕ್ಕಿಂತ ಮುಂಚಿನ ಕಚ್ಚಾ ಸಿಗ್ನಲ್.

ಡ್ರೋನ್ ಹಿಡೀಬಹುದಾ?

ಎಫ್‌ಎಂ ಅಲೆಯ ಉದ್ದ 3 ಮೀಟರ್, ನಿಮ್ಮ ಪಕ್ಕದ ಮನೆ ಹುಡುಗನ ಡ್ರೋನ್ ಒಂದು ಮೊಳ. ಇಲ್ಲ.

ಇದ್ರಲ್ಲಿ ರೇಡಾರಿಂದ ತಪ್ಪಿಸ್ಕೊಳ್ಳೋ ಸ್ಟೆಲ್ತ್ ವಿಮಾನಾನೂ ಕಾಣತ್ತಂತೆ ಹೌದಾ?

ಉದ್ದನೆ ಅಲೆಗೆ ಸ್ಟೆಲ್ತ್ ಆಕಾರದ ಆಟ ಅಷ್ಟು ನಡಿಯಲ್ಲ ಅನ್ನೋದು ನಿಜಾನೇ. ಆದ್ರೆ ಇದನ್ನ ಕೇಳಿದವರೇ ಕೆಳಗಿನ ಪ್ರಶ್ನೇನೂ ಕಳ್ಸಿದ್ದಾರೆ, ಅವರ ತಾರಸಿಯಿಂದ ಇನ್ನೂ ಇಂಡಿಗೋನೇ ಕಂಡಿಲ್ಲ.

ಒಬ್ರು ಒಂದು ದಿನದ ವರ್ಕ್‌ಶಾಪಲ್ಲಿ ಪ್ಯಾಸಿವ್ ರೇಡಾರ್ ಕಿಟ್ ಕೊಡ್ತಾರಂತೆ, ಡೆಮೋ ವಿಡಿಯೋ ನೋಡಿದ್ರೆ ಮ್ಯಾಪ್ ಮೇಲೆ ವಿಮಾನ, ಫ್ಲೈಟ್ ನಂಬರ್ ಎಲ್ಲಾ ಬರತ್ತೆ, ಸೇರ್ಲಾ?

ಆ ವಿಡಿಯೋ ನಂಗೂ ಬಂತು. ಫ್ಲೈಟ್ ನಂಬರ್ ಬಂತಲ್ಲ, ಅಲ್ಲೇ ಬಂಡವಾಳ ಬಯಲಾಯ್ತು. ತಗಡಿಗೆ ಬಡಿದು ಬಂದ ಹಾಡಲ್ಲಿ ವಿಮಾನದ ಹೆಸರು ಎಲ್ಲಿಂದ ಬರ್ಬೇಕು? ಅವರು ತೋರಿಸ್ತಿರೋದು ಎಡಿಎಸ್-ಬಿ, ವಿಮಾನಾನೇ 1090 ಮೆಗಾಹರ್ಟ್ಸಲ್ಲಿ ನಾನು ಇಂಥೋನು ಇಲ್ಲಿದೀನಿ ಅಂತ ಕೂಗ್ಕೊಂಡು ಹೋಗತ್ತೆ, ಒಂದು ಡಾಂಗಲ್ ಚುಚ್ಚಿ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿದ್ರೆ ಎಂಟನೇ ಕ್ಲಾಸ್ ಮಕ್ಕಳೂ ನೋಡ್ತಾರೆ. ಅದು ಒಳ್ಳೆ ಹವ್ಯಾಸಾನೇ, ಆದ್ರೆ ಅದಕ್ಕೆ ರೇಡಾರ್ ಅಂತ ಬೋರ್ಡ್ ಹಾಕಿ ದುಡ್ಡು ಕೀಳೋದು ನಾಚಿಕೆಗೇಡು. ಅದೇ ಮನುಷ್ಯ ಆಂಟೆನಾ ಬುಡಕ್ಕೆ ತಾಮ್ರದ ಸುರುಳಿ ಸುತ್ತಿದ್ರೆ ರೇಂಜ್ ಡಬಲ್ ಅಂತಾನೂ ಹೇಳ್ತಾನೆ, ಅದಕ್ಕೆ ಉತ್ತರ ಬರೆದ್ರೆ ನಂಗೆ ಬಿಪಿ ಡಬಲ್ ಆಗತ್ತೆ.

ಈಗ ನಿಜವಾದ ಪ್ರಶ್ನೆ.

ಎರಡು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತಗೊಂಡೆ, ಒಂದಕ್ಕೆ ಎಫ್‌ಎಂ ಸ್ಟೇಷನ್ ಟವರ್ ಕಡೆ ತಿರುಗಿಸಿದ ಆಂಟೆನಾ, ಇನ್ನೊಂದಕ್ಕೆ ಆಕಾಶದ ಕಡೆ. ಪೈಥಾನಲ್ಲಿ ಕೋಡ್ ಬರೆದು ಎರಡನ್ನೂ ಹೋಲಿಸಿ ಡಿಲೇ-ಡಾಪ್ಲರ್ ಚಿತ್ರ (ಸಿಗ್ನಲ್ ಎಷ್ಟು ತಡವಾಗಿ, ಎಷ್ಟು ಆವರ್ತನ ಬದಲಾಗಿ ಬಂತು ಅನ್ನೋ ನಕ್ಷೆ) ತೆಗೆದ್ರೆ ಸೊನ್ನೆ ಹತ್ರ ಒಂದು ದಪ್ಪ ಬಿಳಿ ಮಚ್ಚೆ ಬಿಟ್ರೆ ಏನೂ ಇಲ್ಲ. ಡಾಂಗಲ್ 8 ಬಿಟ್ ಆಗಿರೋದ್ರಿಂದ ಹೀಗಾ? ಎಲ್‌ಎನ್‌ಎ ಹಾಕಿದ್ರೆ ವಿಮಾನ ಕಾಣತ್ತಾ?

ಎಲ್‌ಎನ್‌ಎ ಹಾಕ್ಬೇಡಿ. ಹಾಕಿದ್ರೆ ತೆಗೀರಿ. ನಿಮಗೆ ವಿಮಾನ ಕಮ್ಮಿ ಕೇಳಿಸ್ತಿರೋದು ಸಮಸ್ಯೆ ಅನ್ಕೊಂಡಿದ್ದೀರಿ, ಸಮಸ್ಯೆ ಇರೋದು ಟವರ್ ವಿಪರೀತ ಕೇಳಿಸ್ತಿರೋದ್ರಲ್ಲಿ. ಆ ಬಿಳಿ ಮಚ್ಚೆ ಟವರ್ರೇ. ಎಲ್‌ಎನ್‌ಎ ಎರಡನ್ನೂ ಒಂದೇ ಸಮ ಜೋರು ಮಾಡತ್ತೆ, ಅಲ್ಲಿಗೆ ಅನುಪಾತ ಹಾಗೇ ಉಳೀತು, ಮೇಲಿಂದ ಡಾಂಗಲ್ ಕ್ಲಿಪ್ ಆಗಿ, ಅಂದ್ರೆ ಅಷ್ಟು ಜೋರು ತಾಳಲಾರದೆ ಸಿಗ್ನಲ್ ತುದಿ ಕತ್ತರಿಸಿ, ಇದ್ದಿದ್ದೂ ಹೋಯ್ತು.

ಒಂದು ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ಟವರಿಂದ ನಿಮ್ಮನೆಗೆ 15 ಕಿಲೋಮೀಟರ್, ಟವರಿಂದ ವಿಮಾನಕ್ಕೆ 20, ವಿಮಾನದಿಂದ ನಿಮ್ಮನೆಗೆ 15 ಅನ್ಕೊಳ್ಳಿ, ವಿಮಾನದ ರೇಡಾರ್ ಅಡ್ಡಕೊಯ್ತ (ಅಲೆಗೆ ಅದು ಎಷ್ಟು ದೊಡ್ಡದಾಗಿ ಕಾಣತ್ತೆ ಅನ್ನೋದು) 100 ಚದರ ಮೀಟರ್ ಅಂತ ಧಾರಾಳವಾಗೇ ಇಟ್ಕೊಳ್ಳಿ. ಟ್ರಾನ್ಸ್‌ಮಿಟರ್ ಒಂದು ಕಡೆ, ರಿಸೀವರ್ ಇನ್ನೊಂದು ಕಡೆ ಇರೋ ರೇಡಾರಿನ ಬೈಸ್ಟ್ಯಾಟಿಕ್ ಸೂತ್ರಕ್ಕೆ ಹಾಕಿದ್ರೆ ವಿಮಾನದಿಂದ ಬರೋ ಪ್ರತಿಧ್ವನಿ, ಟವರಿಂದ ನೇರವಾಗಿ ಬರೋ ಸಿಗ್ನಲ್ಲಿನ ಐದು ಕೋಟಿಯಲ್ಲಿ ಒಂದು ಪಾಲು. ಡಿಬಿ ಲೆಕ್ಕದಲ್ಲಿ (ಪ್ರತಿ 10 ಡಿಬಿ ಅಂದ್ರೆ ಹತ್ತು ಪಟ್ಟು) 77 ಕೆಳಗೆ. ಈ ಕಡೆ ನಿಮ್ಮ ಕೋಡು ಎಷ್ಟು ಆಳ ನೋಡಬಲ್ಲದು? ಎಫ್‌ಎಂ ಹಾಡಿನ ಉಪಯೋಗಕ್ಕೆ ಬರೋ ಬ್ಯಾಂಡ್‌ವಿಡ್ತ್ ಸುಮಾರು 100 ಕಿಲೋಹರ್ಟ್ಸ್, ಒಂದು ಸೆಕೆಂಡ್ ಕೂಡಿಸಿದ್ರೆ ಗುಣಿಸಿ ಒಂದು ಲಕ್ಷ, ಅಂದ್ರೆ 50 ಡಿಬಿ. ಟವರಿನ ಮಚ್ಚೆ ತುದಿಯಿಂದ 50 ಡಿಬಿ ಕೆಳಗೆ ಟವರಿಂದೇ ಆದ ಒಂದು ರಗಳೆ ನೆಲ (ನಾಯ್ಸ್ ಫ್ಲೋರ್) ಇಡೀ ಚಿತ್ರದ ತುಂಬ ಹಾಸ್ಕೊಂಡಿರತ್ತೆ, ನಿಮ್ಮ ವಿಮಾನ ಆ ನೆಲಕ್ಕಿಂತ 27 ಡಿಬಿ ಕೆಳಗೆ ಹೂತುಹೋಗಿದೆ. ಅದು ನೆಲದಿಂದ ಒಂದು ಹನ್ನೆರಡು ಡಿಬಿನಾದ್ರೂ ಮೇಲೆ ಎದ್ರೆ ತಾನೇ ಕಣ್ಣಿಗೆ ಬೀಳೋದು? ಅಲ್ಲಿಗೆ ಟವರನ್ನ 40 ಡಿಬಿ ಒತ್ತಬೇಕು. ಇದೊಂದೇ ಕೆಲಸ, ಉಳಿದಿದ್ದೆಲ್ಲ ಶೋಕಿ.

ಇದೇನೂ ಹೊಸ ಕಷ್ಟ ಅಲ್ಲ. 1935ರ ಫೆಬ್ರವರಿ 26ಕ್ಕೆ ಇಂಗ್ಲೆಂಡಿನ ಡ್ಯಾವೆಂಟ್ರಿ ಹತ್ರ ವಾಟ್ಸನ್-ವಾಟ್ ಮತ್ತೆ ವಿಲ್ಕಿನ್ಸ್ ಅನ್ನೋ ವಿಜ್ಞಾನಿಗಳು ಒಂದು ವ್ಯಾನ್ ನಿಲ್ಸಿ, ಬಿಬಿಸಿಯ 49 ಮೀಟರ್ ಶಾರ್ಟ್‌ವೇವ್ ಸ್ಟೇಷನ್ನನ್ನೇ ಬಳಸಿ, ಹೇಫೋರ್ಡ್ ಬಾಂಬರ್ ವಿಮಾನ ಎಂಟು ಮೈಲಿವರೆಗೆ ಪತ್ತೆ ಮಾಡಿದ್ರು. ಬ್ರಿಟನ್ನಿನ ರೇಡಾರ್ ಕಥೆ ಶುರುವಾಗೋದೇ ನೀವು ತಾರಸಿ ಮೇಲೆ ಮಾಡ್ತಿರೋ ಈ ಕೆಲಸದಿಂದ. ಆ ವಿಲ್ಕಿನ್ಸ್ ಮೊದ್ಲು ಮಾಡಿದ್ದೇನು ಗೊತ್ತಾ, ಎರಡು ಆಂಟೆನಾ ಕಟ್ಟಿ ಒಂದರ ಸಿಗ್ನಲ್ ಇನ್ನೊಂದಕ್ಕೆ ಉಲ್ಟಾ ಆಗೋ ಹಾಗೆ ಜೋಡಿಸಿ ಬಿಬಿಸಿಯಿಂದ ನೇರ ಬರೋದನ್ನ ಹೊಡೆದುಹಾಕಿದ್ದು. ಕಂಪ್ಯೂಟರ್ ಇಲ್ಲ, ಪೈಥಾನ್ ಇಲ್ಲ. ನೀವು ಆಂಟೆನಾ ವಿಚಾರಾನೇ ಯೋಚನೆ ಮಾಡದೆ ಕೋಡಿಗೆ ಹೋಗಿದ್ದೀರಿ.

ಹಾಗಾಗಿ ಆಕಾಶದ ಆಂಟೆನಾನ ವಿಮಾನದ ಕಡೆ ತಿರುಗಿಸೋ ಚಪಲ ಬಿಡಿ, ಟವರ್ ಎಲ್ಲಿ *ಕೇಳಿಸಲ್ಲ* ಅಂತ ತಿರುಗಿಸಿ. ಮಾಮೂಲಿ ಡೈಪೋಲ್ (ಎರಡು ಕಡ್ಡಿಯ ಸಾದಾ ಆಂಟೆನಾ) ಸಾಕು, ಆಕಾಶವಾಣಿಯ ಕಾಮನಬಿಲ್ಲು ಸ್ಟೇಷನ್ನಿನ 101.3 ಮೆಗಾಹರ್ಟ್ಸಿಗೆ ತುದಿಯಿಂದ ತುದಿಗೆ 1.41 ಮೀಟರ್, ಅಡ್ಡ ಮಲಗಿಸಿ ಅದರ ತುದಿ ಟವರಿಗೆ ಮುಖ ಮಾಡಿರ್ಲಿ, ಡೈಪೋಲಿಗೆ ತುದಿ ದಿಕ್ಕಲ್ಲಿ ಕಿವಿ ಇಲ್ಲ. ನಾನು ಮಾಡಿದ್ದು ಹೇಗೆ ಅಂದ್ರೆ, ಒಂದು ಪಿವಿಸಿ ಪೈಪನ್ನ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಸಡಿಲವಾಗಿ ಹಗ್ಗದಲ್ಲಿ ಕಟ್ಟಿ, ಕೆಳಗೆ ಲ್ಯಾಪ್‌ಟಾಪಲ್ಲಿ ಲೆವೆಲ್ ನೋಡೋಕೆ ಮಗಳನ್ನ ಕೂರಿಸಿ, ನಾನು ಮೇಲೆ ಪೈಪ್ ಬೆರಳಗಲ ಬೆರಳಗಲ ತಿರುಗಿಸ್ತಾ ಹೋದೆ. ಬಹಳ ಹೊತ್ತು ಏನೂ ಬದಲಾಗಲ್ಲ, ಇದ್ದಕ್ಕಿದ್ದಂಗೆ ಒಂದು ಜಾಗದಲ್ಲಿ "ಅಪ್ಪಾ ಬಿತ್ತು, ಬಿತ್ತು" ಅಂತ ಕೂಗಿದ್ಲು, 22 ಡಿಬಿ ಇಳಿದಿತ್ತು, ಕೈ ಬಿಟ್ಟೆ, ಗಾಳಿಗೆ ಪೈಪ್ ಅಲ್ಲಾಡಿ ಮತ್ತೆ ಏರ್ತು. ಆ ಹಳ್ಳ ಅಷ್ಟು ಸಣ್ಣದು. ಸಿಕ್ಕ ತಕ್ಷಣ ಬಿಗಿಯಾಗಿ ಕ್ಲಾಂಪ್ ಹಾಕಿ, ಸುತ್ತ ಯಾರೂ ಓಡಾಡದ ಹಾಗೆ ನೋಡ್ಕೊಳ್ಳಿ, ಮನುಷ್ಯನ ಮೈಯೂ ಈ ಅಲೆಗೆ ಒಂದು ಕಂಬಾನೇ.

ಎದುರುಗಡೆ ಅಪಾರ್ಟ್‌ಮೆಂಟ್ ಇದ್ರೆ ಟವರ್ ಅದಕ್ಕೆ ಬಡಿದು ಹಿತ್ತಲ ಬಾಗಿಲಿಂದ ಬರತ್ತೆ, ಅದನ್ನ ತಿರುಗಿಸಿ ಕಳೆಯೋಕಾಗಲ್ಲ. ಉಳಿದ 20 ಡಿಬಿಗೆ ಕೋಡು. ಟವರ್ ಕಡೆ ಆಂಟೆನಾದಿಂದ ಬಂದ ಸಿಗ್ನಲ್ ತಗೊಂಡು, ಅದರದ್ದೇ ತಡವಾದ ಕಾಪಿಗಳನ್ನ ಸರಿಯಾದ ಪ್ರಮಾಣದಲ್ಲಿ ಕಳೆಯೋ ಅಡಾಪ್ಟಿವ್ ಫಿಲ್ಟರ್ ಹಾಕಿ, ಎನ್‌ಎಲ್‌ಎಂಎಸ್ ಆದ್ರೂ ಸರಿ, ಲೀಸ್ಟ್ ಸ್ಕ್ವೇರ್ಸ್ ಆದ್ರೂ ಸರಿ. ಸ್ಯಾಂಪಲ್ ದರ 200 ಕಿಲೋಹರ್ಟ್ಸಿಗೆ ಇಳಿಸಿದ ಮೇಲೆ ಒಂದು ಟ್ಯಾಪ್, ಅಂದ್ರೆ ಫಿಲ್ಟರಿನ ಒಂದು ತಡವಾದ ಕಾಪಿ, ಒಂದೂವರೆ ಕಿಲೋಮೀಟರ್ ದಾರಿ, 40 ಟ್ಯಾಪ್ ಇಟ್ರೆ 60 ಕಿಲೋಮೀಟರ್‌ವರೆಗಿನ ಅಲ್ಲಾಡದ ಕಟ್ಟಡ ಬೆಟ್ಟ ಎಲ್ಲಾ ಹೋಗತ್ತೆ. ಫಿಲ್ಟರೊಂದೇ 40 ತೆಗೆಯಲ್ವಾ, ಆಂಟೆನಾ ಯಾಕೆ ಅಂತ ಕೇಳ್ತೀರಿ, ಗೊತ್ತು. ಆಂಟೆನಾದಲ್ಲೇ 20 ಇಳಿಸಿದ್ರೆ ಡಾಂಗಲ್ ಗೇನನ್ನ 20 ಏರಿಸಬಹುದು, ಕೋಡಲ್ಲಿ ಇಳಿಸಿದ್ರೆ ಆಗಲ್ಲ, ಅಷ್ಟೊತ್ತಿಗೆ ಕ್ಲಿಪ್ ಆಗಿರತ್ತೆ. ಮತ್ತೆ 8 ಬಿಟ್ಟನ್ನ ದೂರಬೇಡಿ, ಕ್ಲಿಪ್ ಆಗದಿದ್ರೆ ಸ್ಯಾಂಪಲ್ ದರ ಇಳಿಸೋದ್ರಲ್ಲಿ, ಒಂದು ಸೆಕೆಂಡ್ ಕೂಡಿಸೋದ್ರಲ್ಲಿ ಅದರ ರಗಳೆ ನೂರು ಡಿಬಿಗಿಂತ ಕೆಳಗೆ ಹೋಗತ್ತೆ. ಗೇನನ್ನ ತಾನೇ ಏರಿಳಿಸೋ ಎಜಿಸಿ ಮಾತ್ರ ಆಫ್ ಮಾಡಿ, ಎಷ್ಟು ಸಲ ಹೇಳ್ಬೇಕೋ.

ಎರಡು ಡಾಂಗಲ್ ಅಂದ್ರಲ್ಲ, ಎರಡಕ್ಕೂ ಗಡಿಯಾರ ಒಂದೇ ಮಾಡಿದ್ದೀರಾ? ಪ್ರಶ್ನೆಯಲ್ಲಿ ಬರೆದಿಲ್ಲ, ಅಂದ್ರೆ ಮಾಡಿಲ್ಲ. ಪ್ರತಿ ಡಾಂಗಲ್ಲಲ್ಲೂ 28.8 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ, ಎರಡರ ಮಧ್ಯೆ ಹತ್ತು ಲಕ್ಷಕ್ಕೆ ಒಂದು ಪಾಲು ವ್ಯತ್ಯಾಸ ಬಂದ್ರೂ ಎಫ್‌ಎಂನಲ್ಲಿ 100 ಹರ್ಟ್ಸ್ ಆಯ್ತು, ದೇವನಹಳ್ಳಿಗೆ ಇಳಿಯೋಕೆ ಬರೋ ವಿಮಾನ ಸೆಕೆಂಡಿಗೆ 70 ಮೀಟರಲ್ಲಿ ಕೊಡೋ ಡಾಪ್ಲರ್ರೇ ಹೆಚ್ಚಂದ್ರೆ 47. ಒಂದರ ಕ್ರಿಸ್ಟಲ್ ಕಿತ್ತು ಇನ್ನೊಂದರಿಂದ ಸಣ್ಣ ತಂತಿ ಎಳೀರಿ, ಟ್ಯೂನರ್ ತನ್ನ ಆವರ್ತನವನ್ನ ಸಣ್ಣಗೆ ಅಲ್ಲಾಡಿಸೋದನ್ನ (ಪಿಎಲ್‌ಎಲ್ ಡಿದರಿಂಗ್) ಆಫ್ ಮಾಡೋ ಡ್ರೈವರ್ ಹಾಕಿ, ಯುಎಸ್‌ಬಿ ಶುರುವಾಗೋದ್ರಲ್ಲಿ ಬರೋ ಹಿಂದುಮುಂದನ್ನ ಆ ಬಿಳಿ ಮಚ್ಚೆಯಿಂದಾನೇ ಅಳೆದು ಸರಿ ಮಾಡ್ಕೊಳ್ಳಿ, ಮಚ್ಚೆಯಿಂದ ಇರೋ ಒಂದೇ ಉಪಕಾರ ಅದು. ಕೈಗೆ ಸಾಲ್ಡರಿಂಗ್ ಒಗ್ಗದಿದ್ರೆ ಐದು ಚಾನಲ್ಲಿನ ಕ್ರಾಕೆನ್ ಎಸ್‌ಡಿಆರ್ ತರಿಸ್ಕೊಳ್ಳಿ, ಗಡಿಯಾರದ ತಲೆನೋವಿರಲ್ಲ. ಅದರ ಜೊತೆ ಬರ್ತಿದ್ದ ಪ್ಯಾಸಿವ್ ರೇಡಾರ್ ಸಾಫ್ಟ್‌ವೇರನ್ನ ಮಾತ್ರ ಕಂಪನಿಯವರು 2022ರ ನವೆಂಬರಲ್ಲಿ ಅಮೆರಿಕದ ಶಸ್ತ್ರಾಸ್ತ್ರ ರಫ್ತು ಕಾನೂನಿಗೆ ಹೆದರಿ ವಾಪಸ್ ತಗೊಂಡ್ರು, ಕೋಡ್ ನೀವೇ ಬರೀಬೇಕು.

ಯಾವ ಸ್ಟೇಷನ್ ಅನ್ನೋದೂ ಮುಖ್ಯ. ವಾರ್ತೆ ಓದುವಾಗ ಪದ ಪದದ ಮಧ್ಯೆ ಸಿಗ್ನಲ್ ಸೂಜಿಯಷ್ಟು ಕಿರಿದಾಗತ್ತೆ, ದೂರದ ಅಳತೆ ಹಾಳಾಗಿ ಚಿತ್ರ ಉದ್ದಕ್ಕೆ ಜಗ್ಗಿದ ಹಾಗೆ ಕಾಣತ್ತೆ. ತಮಟೆ, ಡ್ರಮ್ಮು ಇರೋ ಹಾಡು ಬಂದ್ರೆ ಗಟ್ಟಿ. ನಾನು ಕಾಮನಬಿಲ್ಲಲ್ಲಿ ವಾರ್ತೆ ಬಂದ ತಕ್ಷಣ 102.9ರ ವಿವಿಧ ಭಾರತಿಗೆ ಹಾರ್ತೀನಿ, ಭಾವಗೀತೆ ನಂಗೆ ಪ್ರಾಣ, ಆದ್ರೆ ರೇಡಾರಿಗೆ ಅದು ಆಗ್ಬರಲ್ಲ. ಎಷ್ಟೇ ಒಳ್ಳೆ ಹಾಡಾದ್ರೂ ದೂರದ ನಿಖರತೆ ಸುಮಾರು 3 ಕಿಲೋಮೀಟರೇ, ಅದಕ್ಕಿಂತ ಚೂಪು ಬೇಕಂದ್ರೆ ಡಿಜಿಟಲ್ ಟಿವಿ ಸಿಗ್ನಲ್ಲಿಗೆ ಹೋಗ್ಬೇಕು, ಅದು ಇನ್ನೊಂದು ಪುರಾಣ.

ಇಷ್ಟೆಲ್ಲ ಮಾಡಿದ ಮೇಲೆ ಚುಕ್ಕಿ ಕಂಡ ತಕ್ಷಣ ಕುಣೀಬೇಡಿ. ಹೋದ ತಿಂಗಳು ತುಮಕೂರು ಕಡೆಯ ಒಬ್ರು ಸ್ಕ್ರೀನ್‌ಶಾಟ್ ಕಳ್ಸಿದ್ರು, +15 ಹರ್ಟ್ಸಲ್ಲಿ ಒಂದು ಗೆರೆ, -15ರಲ್ಲಿ ಒಂದು ಗೆರೆ, "ಸಾರ್ ಎರಡು ವಿಮಾನ, ಒಂದು ಬರ್ತಿದೆ ಒಂದು ಹೋಗ್ತಿದೆ, ಇಪ್ಪತ್ತು ನಿಮಿಷದಿಂದ" ಅಂತ. ಇಪ್ಪತ್ತು ನಿಮಿಷ ಬರ್ತಾನೇ ಇರೋ ವಿಮಾನ! ಆಂಟೆನಾ ಎಲ್ಲಿದೆ ಅಂತ ಕೇಳಿದ್ರೆ ರೂಮಲ್ಲಿ, ಕಿಟಕಿ ಪಕ್ಕ. ಫ್ಯಾನ್ ಆಫ್ ಮಾಡಿ ಅಂದೆ. ಎರಡೂ ವಿಮಾನ ಮಾಯ. ಮೂರು ರೆಕ್ಕೆ, ಸೆಕೆಂಡಿಗೆ ಐದು ಸುತ್ತು, ಹದಿನೈದು. ಅವರಿಗೆ ಬೇಜಾರಾಯ್ತು, ನಂಗೆ ಮಾತ್ರ ಸಂತೋಷ ಆಯ್ತು, ಯಾಕಂದ್ರೆ ಫ್ಯಾನು ಅಷ್ಟು ಚೆನ್ನಾಗಿ ಕಂಡಿದೆ ಅಂದ್ರೆ ಗಡಿಯಾರ, ಕೋಡು ಎರಡೂ ಸರಿ ಇವೆ ಅಂತ ಅರ್ಥ. ನಿಜವಾದ ವಿಮಾನ ಒಂದು ಸಲಕ್ಕೆ ಪ್ಲಸ್ ಇಲ್ಲಾ ಮೈನಸ್ ಒಂದೇ ಕಡೆ ಇರತ್ತೆ, ನಿಧಾನಕ್ಕೆ ಜಾರತ್ತೆ, ಪ್ಲಸ್‌ನಿಂದ ಸೊನ್ನೆ ದಾಟಿ ಮೈನಸ್ಸಿಗೆ. ಸೊನ್ನೆ ದಾಟುವಾಗ ನಿಮ್ಮ ಫಿಲ್ಟರೇ ಅದನ್ನ ಕಟ್ಟಡ ಅನ್ಕೊಂಡು ನುಂಗತ್ತೆ, ಗಾಬರಿ ಬೀಳಬೇಡಿ, ಆ ಕಡೆ ಮತ್ತೆ ಬರತ್ತೆ.

ಚುಕ್ಕಿ ಬಂತು, ಆದ್ರೆ ಮ್ಯಾಪ್ ಮೇಲೆ ಎಲ್ಲಿ ಇಡೋದು?

ಎರಡು ಮೊಳೆ ಹೊಡೀರಿ, ಒಂದು ಟವರ್ ಒಂದು ನಿಮ್ಮನೆ, ಟವರಿಂದ ವಿಮಾನ, ಅಲ್ಲಿಂದ ನಿಮ್ಮನೆ ಅಂತ ಸಿಗ್ನಲ್ ಬಂದ ಒಟ್ಟು ದಾರಿಯ ಅಳತೆಗೆ ಸಡಿಲವಾದ ದಾರ ಕಟ್ಟಿ ಪೆನ್ಸಿಲಿಂದ ಎಳೆದು ಸುತ್ತಿ. ವಿಮಾನ ಆ ಮೊಟ್ಟೆಯಾಕಾರದ ಗೆರೆ ಮೇಲೆ ಎಲ್ಲೋ ಒಂದು ಕಡೆ ಇದೆ, ಒಂದು ಸ್ಟೇಷನ್ ಒಂದು ಆಂಟೆನಾದಿಂದ ಅಷ್ಟೇ ಗೊತ್ತಾಗೋದು. ಬೇರೆ ಜಾಗದ ಟವರ್ ಇನ್ನೊಂದು ಹಿಡಿದು ಎರಡು ಗೆರೆ ಎಲ್ಲಿ ಕೂಡ್ತವೆ ನೋಡಿ. ಸರಿ ಇದೆಯಾ ಅಂತ ತಾಳೆ ನೋಡೋಕೆ ಆ ಎಡಿಎಸ್-ಬಿ ಡಾಂಗಲ್ ಈಗ ಹೊರಗೆ ತೆಗೀರಿ, ಅದರ ನಿಜವಾದ ಉಪಯೋಗ ಇಲ್ಲಿ.

ಇದಕ್ಕೆ ಲೈಸೆನ್ಸ್ ಬೇಕಾ? ಪೊಲೀಸರು ಬರ್ತಾರಾ?

ನಾನು ವಕೀಲ ಅಲ್ಲ, ರೇಡಿಯೋ ಕಾನೂನು ಇತ್ತೀಚೆಗೆ ಬದಲಾಗಿದೆ, 1933ರ ವೈರ್‌ಲೆಸ್ ಕಾಯ್ದೆ ಜಾಗಕ್ಕೆ 2023ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ತಂದಿದ್ದಾರೆ, ತಿಳಿದವರನ್ನ ಕೇಳಿ. ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಕೇಳೋ ಕೆಲಸ ಮಾತ್ರ ಮಾಡೋರಿಗೂ ಹೇಳ್ತೀನಿ, ಕೈಯಲ್ಲೊಂದು ಕಾಲ್‌ಸೈನ್ ಇದ್ರೆ ತಾರಸಿ ಮೇಲಿನ ತಂತಿ ಏನಪ್ಪಾ ಅಂತ ಕೇಳಿದವರಿಗೆ ಉತ್ತರ ಕೊಡೋದು ಸುಲಭ. ಸಿಕ್ಕಿದ ಚಿತ್ರಗಳನ್ನ ಲೈವ್ ಹಾಕ್ಬೇಡಿ, ಅದ್ರಲ್ಲೂ ಏರೋ ಇಂಡಿಯಾ ನಡೆಯೋ ವಾರ ಆಂಟೆನಾ ಇಳಿಸಿ ಮೂಲೆಗಿಡಿ, ನಾನು ಇಡ್ತೀನಿ. ಯಲಹಂಕ, ಜಾಲಹಳ್ಳಿ ಏರ್‌ಫೋರ್ಸ್ ಕಾಂಪೌಂಡಿಗೆ ಅಂಟ್ಕೊಂಡು ಮನೆ ಇರೋರು ಈ ವಿಷಯದಲ್ಲಿ ನಂಗೆ ಬರೀಬೇಡಿ, ಉತ್ತರ ಕೊಡಲ್ಲ.