ಆಟೋಕ್ಯಾಡ್ 2006ನ್ನು ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ ನಡೆಸಲು ಸಾಧ್ಯವೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನಿಮ್ಮ ಕಚೇರಿಯ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಹಣ ಕೊಟ್ಟು ಕೊಂಡ ಆಟೋಕ್ಯಾಡ್ 2006 (ನಕ್ಷೆ ಬಿಡಿಸುವ ತಂತ್ರಾಂಶ) ಇದೆ, ಸಿ.ಡಿ. ಮತ್ತು ಸೀರಿಯಲ್ ನಂಬರ್ ಕೈಯಲ್ಲಿವೆ. ಹೊಸದಾಗಿ ತಂದ ವಿಂಡೋಸ್ 11ರ ಕಂಪ್ಯೂಟರಿನಲ್ಲಿ ಅದು ಇನ್‌ಸ್ಟಾಲ್ ಆಗುತ್ತಿಲ್ಲ, ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಎಕ್ಸ್‌ಪಿ ಎಂದು ಆರಿಸಿದರೂ ಪ್ರಯೋಜನವಾಗಿಲ್ಲ. ವರ್ಷವರ್ಷವೂ ಚಂದಾ ಕಟ್ಟುವ ಹೊಸ ಆವೃತ್ತಿಗೆ ಹೋಗದೆ ಇದನ್ನೇ ಮುಂದುವರಿಸಬಹುದೇ ಎಂಬುದು ನಿಮ್ಮ ಪ್ರಶ್ನೆ.

ಮುಂದುವರಿಸಬಹುದು. ಆದರೆ ವಿಂಡೋಸ್ 11ರೊಳಗೆ ಅದನ್ನು ನೇರವಾಗಿ ಕೂರಿಸುವ ಪ್ರಯತ್ನವನ್ನು ಕೈಬಿಟ್ಟು, ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಯಂತ್ರವನ್ನು (ತಂತ್ರಾಂಶದಿಂದಲೇ ರೂಪಿಸಿದ, ಕಂಪ್ಯೂಟರಿನೊಳಗಿನ ಕಂಪ್ಯೂಟರನ್ನು) ಸೃಷ್ಟಿಸಿ, ಅದರಲ್ಲಿ ಎಕ್ಸ್‌ಪಿಯನ್ನೂ ಎಕ್ಸ್‌ಪಿಯ ಮೇಲೆ ಆಟೋಕ್ಯಾಡನ್ನೂ ಇಟ್ಟುಕೊಳ್ಳುವುದೇ ಸರಿ ಎಂಬುದು ಇಂಥ ಸಣ್ಣ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಹೇಳಬೇಕಾದ ಮಾತೊಂದಿದೆ: ಹಳೆಯ ಕಂಪ್ಯೂಟರನ್ನು ಈಗಲೇ ಫಾರ್ಮ್ಯಾಟ್ ಮಾಡಬೇಡಿ, ಗುಜರಿಗೂ ಕೊಡಬೇಡಿ. ಏಕೆಂದು ಮುಂದೆ ತಿಳಿಯುತ್ತದೆ.

ಅಡಚಣೆ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ಆಟೋಕ್ಯಾಡ್ 2006 ಒಂದು 32 ಬಿಟ್ ತಂತ್ರಾಂಶ, ಎಂದರೆ ಹಳೆಯ ತಲೆಮಾರಿನ ಪ್ರೊಸೆಸರುಗಳಿಗೆಂದು ಕಟ್ಟಿದ್ದು. ವಿಂಡೋಸ್ 11 ಕೇವಲ 64 ಬಿಟ್ ಆಗಿ ಬರುತ್ತದೆಯಾದರೂ 32 ಬಿಟ್ ತಂತ್ರಾಂಶಗಳನ್ನು ನಡೆಸುವ ಏರ್ಪಾಡು ಅದರೊಳಗೇ ಇದೆ. ಹಾಗಾಗಿ ಗೆರೆ ಎಳೆಯುವ, ಡೈಮೆನ್ಷನ್ ಹಾಕುವ ಮೂಲ ತಂತ್ರಾಂಶಕ್ಕೂ ವಿಂಡೋಸ್ 11ಕ್ಕೂ ದೊಡ್ಡ ಜಗಳವೇನಿಲ್ಲ. ಜಗಳವಿರುವುದು ಇನ್‌ಸ್ಟಾಲರ್ ಮತ್ತು ಲೈಸೆನ್ಸ್ ವ್ಯವಸ್ಥೆಯ ಜೊತೆಗೆ. 64 ಬಿಟ್ ಆವೃತ್ತಿಯನ್ನು ಆಟೋಕ್ಯಾಡಿನ ತಯಾರಕರಾದ ಆಟೋಡೆಸ್ಕ್ ಮೊದಲು ಕೊಟ್ಟದ್ದು ಆಟೋಕ್ಯಾಡ್ 2008ರಲ್ಲಿ. ಅದಕ್ಕಿಂತ ಹಿಂದಿನ ಇನ್‌ಸ್ಟಾಲರ್‌ಗಳು 64 ಬಿಟ್ ವಿಂಡೋಸ್ ಕಂಡೊಡನೆ ಹಿಂದೆ ಸರಿಯುತ್ತವೆ. ಕಂಪ್ಯಾಟಿಬಿಲಿಟಿ ಮೋಡ್ ವಿಂಡೋಸಿನ ಆವೃತ್ತಿಯ ಸಂಖ್ಯೆಯಂಥ ಕೆಲವು ವಿಷಯಗಳಲ್ಲಿ ತಂತ್ರಾಂಶಕ್ಕೆ ಸುಳ್ಳು ಹೇಳುತ್ತದೆಯೇ ಹೊರತು 64 ಬಿಟ್ ವ್ಯವಸ್ಥೆಯನ್ನು 32 ಬಿಟ್ ಆಗಿ ಮಾಡುವುದಿಲ್ಲವಾದ್ದರಿಂದ ನಿಮಗೆ ಅದರಿಂದ ಉಪಯೋಗವಾಗಲಿಲ್ಲ. ಇದರ ಜೊತೆಗೆ 2006ರ ಆವೃತ್ತಿಯು ಡಾಟ್‌ನೆಟ್ ಫ್ರೇಮ್‌ವರ್ಕ್ 1.1 ಎಂಬ ಮೈಕ್ರೋಸಾಫ್ಟಿನ ಸಹಾಯಕ ತಂತ್ರಾಂಶವನ್ನು ಕೇಳುತ್ತದೆ, ಅದಕ್ಕೆ ವಿಂಡೋಸ್ 8ರಿಂದಲೇ ಬೆಂಬಲವಿಲ್ಲ.

ಇನ್‌ಸ್ಟಾಲರಿನ ಎಂಎಸ್ಐ ಕಡತವನ್ನು ಬಿಚ್ಚಿ ಅದರೊಳಗಿನ ತಪಾಸಣೆಯನ್ನು ತೆಗೆದುಹಾಕುವವರಿದ್ದಾರೆ. ಅದೇ ಕೆಲಸಕ್ಕಾಗಿ ಲಾಂಗ್‌ಬೋ ಕನ್ವರ್ಟರ್ ಎಂಬ, ಹಣ ಕೊಟ್ಟು ಪಡೆಯುವ ಸಾಧನವೂ ಇದೆ. ಹೀಗೆ ಮಾಡಿ ಕೆಲಸ ಸಾಗಿಸುತ್ತಿರುವವರಿದ್ದಾರೆ ಎಂಬುದು ನಿಜ. ಆದರೂ ನಾನು ಕಚೇರಿಗಳಿಗೆ ಇದನ್ನು ಹೇಳುವುದಿಲ್ಲ, ಏಕೆಂದರೆ ವಿಂಡೋಸ್ 11 ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗುತ್ತಿರುತ್ತದೆ, ಇಂದು ನಡೆದದ್ದು ಮುಂದಿನ ತಿಂಗಳು ನಿಂತುಹೋದರೆ ಯಾರನ್ನೂ ಕೇಳುವಂತಿಲ್ಲ. ಅದೂ ನಗರಸಭೆಗೆ ಪ್ಲಾನ್ ಸಲ್ಲಿಸಬೇಕಾದ ದಿನವೇ ನಿಲ್ಲುವುದು ವಾಡಿಕೆ.

ಈಗ ಲೈಸೆನ್ಸ್ ವಿಷಯ. ಇದೇ ನಿಜವಾದ ಗಂಟು. ಆಟೋಕ್ಯಾಡ್ 2006ನ್ನು ಯಾವ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿದರೂ ಆಕ್ಟಿವೇಶನ್ ಕೋಡ್ ಬೇಕು. 2010 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಿಗೆ ಆಟೋಡೆಸ್ಕ್ ಈಗ ಹೊಸ ಕೋಡ್ ಕೊಡುವುದಿಲ್ಲ. ಎಂದರೆ, ಸಿ.ಡಿ. ಇದ್ದು, ಸೀರಿಯಲ್ ನಂಬರ್ ಇದ್ದು, ಬಿಲ್ ಇದ್ದರೂ ಹೊಸ ಜಾಗದಲ್ಲಿ ಅದು ಆಕ್ಟಿವೇಟ್ ಆಗದೆ ಉಳಿಯಬಹುದು. ಸದ್ಯಕ್ಕೆ ಜೀವಂತವಾಗಿರುವ ಲೈಸೆನ್ಸ್ ಇರುವುದು ನಿಮ್ಮ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಅದನ್ನು ಉಳಿಸಿಕೊಳ್ಳಿ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ.

ಆ ಲೈಸೆನ್ಸನ್ನು ಸಾಗಿಸಲು 2006ರ ಆವೃತ್ತಿಯ ಜೊತೆಗೇ ಪೋರ್ಟಬಲ್ ಲೈಸೆನ್ಸ್ ಯುಟಿಲಿಟಿ ಎಂಬ ಸಣ್ಣ ಸಾಧನ ಬಂದಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಆಟೋಡೆಸ್ಕ್ ಗುಂಪಿನೊಳಗೆ ಹುಡುಕಿ. ವರ್ಚುವಲ್ ಯಂತ್ರದಲ್ಲಿ ಆಟೋಕ್ಯಾಡನ್ನು ಇನ್‌ಸ್ಟಾಲ್ ಮಾಡಿ, ಅಲ್ಲಿ ಈ ಸಾಧನ ತೋರಿಸುವ ಗುರುತಿನ ಸಂಕೇತವನ್ನು ಬರೆದುಕೊಂಡು, ಹಳೆಯ ಕಂಪ್ಯೂಟರಿನಲ್ಲಿ ಅದೇ ಸಾಧನಕ್ಕೆ ಆ ಸಂಕೇತವನ್ನು ಕೊಟ್ಟರೆ ಅದು ಒಂದು ವರ್ಗಾವಣೆ ಸಂಕೇತವನ್ನು ಕೊಡುತ್ತದೆ. ಅದನ್ನು ತಂದು ಹೊಸ ಜಾಗದಲ್ಲಿ ನಮೂದಿಸಿದರೆ ಲೈಸೆನ್ಸ್ ಅಲ್ಲಿಗೆ ಸೇರುತ್ತದೆ, ಹಳೆಯ ಕಡೆ ಇಲ್ಲವಾಗುತ್ತದೆ. ಈ ಕೆಲಸಕ್ಕೆ ಇಂಟರ್‌ನೆಟ್ ಬೇಕಿಲ್ಲ. ಕೆಲಸ ಶುರುಮಾಡುವ ಮುನ್ನ ಎರಡೂ ಕಡೆ ದಿನಾಂಕ ಮತ್ತು ಗಡಿಯಾರ ಸರಿಯಾಗಿವೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಹಳೆಯ ಮದರ್‌ಬೋರ್ಡುಗಳಲ್ಲಿ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋಗಿರುವುದು ಸಾಮಾನ್ಯ, ಮತ್ತು ಗಡಿಯಾರ ಹಿಂದು ಮುಂದಾದರೆ ಲೈಸೆನ್ಸ್ ವ್ಯವಸ್ಥೆ ಅನುಮಾನಪಡುತ್ತದೆ. ನಿಮ್ಮ ಲೈಸೆನ್ಸ್ ಒಪ್ಪಂದದ ಪ್ರತಿ ಇದ್ದರೆ ವರ್ಚುವಲ್ ಯಂತ್ರದ ಬಗ್ಗೆ ಅದರಲ್ಲಿ ಏನಿದೆ ಎಂಬುದನ್ನೂ ಒಮ್ಮೆ ಓದಿ. ಕ್ರ್ಯಾಕ್ ಹಾಕಿಕೊಡುತ್ತೇವೆ ಎನ್ನುವವರ ದಾರಿ ಬೇಡ; ಅದು ಕಾನೂನಿಗೆ ವಿರುದ್ಧವಷ್ಟೇ ಅಲ್ಲ, ಆ ಕಡತಗಳೊಂದಿಗೆ ಏನೇನು ಬರುತ್ತದೆಂಬುದನ್ನು ಸ್ವಚ್ಛ ಮಾಡುವ ಕೆಲಸ ಕೊನೆಗೆ ನಮ್ಮಂಥವರ ಪಾಲಿಗೆ ಬರುತ್ತದೆ.

ವರ್ಚುವಲ್ ಯಂತ್ರಕ್ಕೆ ಒರೇಕಲ್‌ನ ವರ್ಚುವಲ್‌ಬಾಕ್ಸ್ ಅಥವಾ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ, ಎರಡರಲ್ಲಿ ಯಾವುದಾದರೂ ಆದೀತು. ವಿಎಂವೇರ್‌ನ ತಂತ್ರಾಂಶ 2024ರ ನವೆಂಬರಿನಿಂದ ವಾಣಿಜ್ಯ ಬಳಕೆಗೂ ಉಚಿತವಾಗಿದೆ. ವರ್ಚುವಲ್‌ಬಾಕ್ಸಿನ ಮೂಲ ತಂತ್ರಾಂಶವೂ ಉಚಿತವೇ, ಆದರೆ ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಎಂಬ ಹೆಚ್ಚುವರಿ ಭಾಗ ಕಚೇರಿ ಬಳಕೆಗೆ ಉಚಿತವಲ್ಲವಾದ್ದರಿಂದ ಅದನ್ನು ಹಾಕಬೇಡಿ. ಈ ಕೆಲಸಕ್ಕೆ ಅದು ಬೇಕಾಗುವುದೂ ಇಲ್ಲ. ಎಕ್ಸ್‌ಪಿಗೆ 1 ಜಿಬಿ ಮೆಮೊರಿ, 20 ಜಿಬಿ ಡಿಸ್ಕ್ ಧಾರಾಳವಾಯಿತು. ವರ್ಚುವಲ್ ಯಂತ್ರದ ಸೆಟ್ಟಿಂಗ್‌ನಲ್ಲಿ ಡಿಸ್ಕನ್ನು ಸಾಟಾ ಬದಲು ಐಡಿಇ ಎಂಬ ಹಳೆಯ ಬಗೆಯ ಕಂಟ್ರೋಲರಿಗೆ ಜೋಡಿಸಿ, ಇಲ್ಲದಿದ್ದರೆ ಎಕ್ಸ್‌ಪಿಯ ಬಳಿ ಅದಕ್ಕೆ ಡ್ರೈವರ್ ಇಲ್ಲದೆ ನೀಲಿ ಪರದೆ ಬರುತ್ತದೆ. ಬ್ರ್ಯಾಂಡೆಡ್ ಕಂಪ್ಯೂಟರಿನ ಜೊತೆಗೆ ಬಂದ ಎಕ್ಸ್‌ಪಿ ಲೈಸೆನ್ಸ್ ಆ ಕಂಪ್ಯೂಟರಿಗೇ ಸೀಮಿತವಾದದ್ದು. ಬೇರೆಯಾಗಿ ಕೊಂಡ ಎಕ್ಸ್‌ಪಿ ಅಥವಾ 32 ಬಿಟ್ ವಿಂಡೋಸ್ 7ರ ಡಿಸ್ಕ್ ಕಚೇರಿಯ ಯಾವುದಾದರೂ ಕಪಾಟಿನಲ್ಲಿ ಇದ್ದರೆ ಅದನ್ನು ಬಳಸಿ.

ಈ ವರ್ಚುವಲ್ ಯಂತ್ರದ ನೆಟ್‌ವರ್ಕ್ ಕಾರ್ಡನ್ನು ಸೆಟ್ಟಿಂಗ್‌ನಲ್ಲೇ ತೆಗೆದುಬಿಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು, ಅದನ್ನು ಇಂಟರ್‌ನೆಟ್ಟಿಗೆ ಬಿಡುವುದೆಂದರೆ ಬಾಗಿಲು ತೆರೆದಿಟ್ಟು ಊರಿಗೆ ಹೋದಂತೆ. ಡ್ರಾಯಿಂಗುಗಳನ್ನು ಒಳಗೂ ಹೊರಗೂ ಸಾಗಿಸಲು ಶೇರ್ಡ್ ಫೋಲ್ಡರ್ ಒಂದಿದ್ದರೆ ಸಾಕು. ಆಟೋಕ್ಯಾಡ್ ಆಕ್ಟಿವೇಟ್ ಆದ ಮೇಲೆ ಯಂತ್ರವನ್ನು ಪೂರ್ತಿ ಮುಚ್ಚಿ ಅದರ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಡಿ. ಲೈಸೆನ್ಸ್ ಬರುವುದಕ್ಕೆ ಮುಂಚೆ ತೆಗೆದ ಸ್ನ್ಯಾಪ್‌ಶಾಟಿಗೆ (ಯಂತ್ರದ ಆ ಹೊತ್ತಿನ ಸ್ಥಿತಿಯ ನಕಲಿಗೆ) ಮಾತ್ರ ಯಾವ ಕಾರಣಕ್ಕೂ ಹಿಂದಿರುಗಬೇಡಿ, ಹಿಂದಿರುಗಿದರೆ ಲೈಸೆನ್ಸ್ ಅಲ್ಲೂ ಇಲ್ಲ, ಹಳೆಯ ಕಂಪ್ಯೂಟರಿನಲ್ಲೂ ಇಲ್ಲ ಎಂಬಂತಾಗುತ್ತದೆ.

ಪ್ಲಾಟ್ ತೆಗೆಯುವ, ಎಂದರೆ ಡ್ರಾಯಿಂಗನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸುವ, ವಿಷಯದಲ್ಲಿ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ಈಗಿನ ಪ್ಲಾಟರ್‌ಗಳಿಗೆ ಎಕ್ಸ್‌ಪಿ ಡ್ರೈವರ್ ಸಿಗುವುದು ಕಷ್ಟ. ಆಟೋಕ್ಯಾಡಿನ ಆ್ಯಡ್ ಪ್ಲಾಟರ್ ವಿಝರ್ಡಿನಲ್ಲಿ ಅಡೋಬಿಯ ಹೆಸರಿನಡಿ ಪೋಸ್ಟ್‌ಸ್ಕ್ರಿಪ್ಟ್ (ಮುದ್ರಣಕ್ಕೆಂದು ಪುಟವನ್ನು ವಿವರಿಸುವ ಭಾಷೆ) ಡ್ರೈವರ್ ಇದೆ. ಅದನ್ನು ಆರಿಸಿ ಕಡತಕ್ಕೆ ಪ್ಲಾಟ್ ಮಾಡಿ, ಶೇರ್ಡ್ ಫೋಲ್ಡರಿನ ಮೂಲಕ ಹೊರತಂದು, ವಿಂಡೋಸ್ 11ರಲ್ಲಿ ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದಿಂದ ಪಿಡಿಎಫ್ ಮಾಡಿ, ಅಲ್ಲಿಂದ ಮುದ್ರಿಸಿ. ನಿಮ್ಮ ಹಳೆಯ ಸಿಟಿಬಿ ಕಡತದಲ್ಲಿ (ಯಾವ ಬಣ್ಣದ ಗೆರೆ ಎಷ್ಟು ದಪ್ಪ ಮುದ್ರಣವಾಗಬೇಕೆಂದು ಹೇಳುವ ಕಡತ) ಇರುವ ಪೆನ್ ದಪ್ಪಗಳೆಲ್ಲ ಹಾಗೆಯೇ ಉಳಿಯುತ್ತವೆ.

ಡ್ರಾಯಿಂಗ್ ಕಡತಗಳ ಬಗ್ಗೆ ಒಂದು ಪರೀಕ್ಷೆ ಹೇಳುತ್ತೇನೆ. ಯಾವುದಾದರೂ ಡಿಡಬ್ಲ್ಯೂಜಿ (ಆಟೋಕ್ಯಾಡಿನ ಡ್ರಾಯಿಂಗ್) ಕಡತದ ನಕಲೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳ ರಾಶಿ ಕಾಣುತ್ತದೆಯಾದರೂ ಮೊದಲ ಆರು ಅಕ್ಷರಗಳು ಸ್ಪಷ್ಟವಾಗಿರುತ್ತವೆ. ನಿಮ್ಮ ಕಡತಗಳಲ್ಲಿ ಎಸಿ1018 ಎಂದಿರುತ್ತದೆ. 2004ರಿಂದ 2006ರವರೆಗಿನ ಆವೃತ್ತಿಗಳ ಸ್ವರೂಪ ಅದು. ಆರ್ಕಿಟೆಕ್ಟ್‌ಗಳಿಂದ ಈಗ ಬರುವ ಕಡತಗಳಲ್ಲಿ ಹೆಚ್ಚಾಗಿ ಎಸಿ1032 ಇರುತ್ತದೆ, ಅದು 2018ರ ಸ್ವರೂಪ, ನಿಮ್ಮ ಆಟೋಕ್ಯಾಡ್ ಅದನ್ನು ತೆರೆಯುವುದಿಲ್ಲ. ಓಪನ್ ಡಿಸೈನ್ ಅಲಯನ್ಸಿನ ಓಡಿಎ ಫೈಲ್ ಕನ್ವರ್ಟರ್ ಉಚಿತವಾಗಿ ಸಿಗುತ್ತದೆ. ಬಂದ ಕಡತಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ 2004ರ ಸ್ವರೂಪಕ್ಕೆ ಒಟ್ಟಿಗೆ ಬದಲಾಯಿಸಿಕೊಳ್ಳಬಹುದು. ಹಾಗೆ ಬದಲಾಯಿಸಿದ ಡ್ರಾಯಿಂಗಿನಲ್ಲಿ 2008ರಲ್ಲಿ ಬಂದ ಮಲ್ಟಿಲೀಡರ್‌ನಂಥವು (ಬಾಣದ ಗೆರೆಯೊಂದಿಗೆ ಬರೆಯುವ ಟಿಪ್ಪಣಿ) ನಿಮಗೆ ಕಂಡರೂ ತಿದ್ದಲು ಬರುವುದಿಲ್ಲ ಎಂಬುದು ನೆನಪಿರಲಿ.

ನಿಮ್ಮ ಪ್ಲಾನುಗಳಲ್ಲಿ ‘ಅಡಿಗೆಮನೆ’, ‘ದೇವರಮನೆ’ ಎಂದು ಕನ್ನಡದಲ್ಲೇ ಬರೆದಿರುವುದಾಗಿ ಹೇಳಿದ್ದೀರಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯೂನಿಕೋಡ್ ಆಟೋಕ್ಯಾಡ್‌ಗೆ ಬಂದದ್ದು 2007ರ ಆವೃತ್ತಿಯಲ್ಲಿ. ಆದ್ದರಿಂದ ನಿಮ್ಮವು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿರಬೇಕು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು, ಹೀಗೆ ಸಾಲಾಗಿ ಕಾಣಿಸಿ ಕಡತವೇ ಕೆಟ್ಟಿತೆಂದು ಗಾಬರಿಯಾಗುತ್ತದೆ. ಕೆಟ್ಟಿರುವುದಿಲ್ಲ. ಹಳೆಯ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಅದೇ ಟಿಟಿಎಫ್ ಕಡತಗಳನ್ನು ವರ್ಚುವಲ್ ಯಂತ್ರಕ್ಕೂ ವಿಂಡೋಸ್ 11ಕ್ಕೂ ಹಾಕಿದರೆ ಅಕ್ಷರಗಳು ಮೊದಲಿನಂತೆ ಬರುತ್ತವೆ. ಆಟೋಕ್ಯಾಡಿನ ಸಪೋರ್ಟ್ ಫೋಲ್ಡರು, ಎಸ್‌ಎಚ್‌ಎಕ್ಸ್ ಎಂಬ ಆಟೋಕ್ಯಾಡಿನದೇ ಫಾಂಟುಗಳು, ಲೈನ್‌ಟೈಪ್, ಹ್ಯಾಚ್ ಮತ್ತು ಲಿಸ್ಪ್ (ಆಟೋಕ್ಯಾಡಿಗಾಗಿ ಬರೆದ ಸಣ್ಣ ಪ್ರೋಗ್ರಾಂ) ಕಡತಗಳನ್ನೂ ಇದೇ ಸಲ ನಕಲು ಮಾಡಿಕೊಳ್ಳಿ.

ಇಷ್ಟೆಲ್ಲ ಮಾಡುವುದು ಎಷ್ಟು ಕಾಲಕ್ಕೆ ಎಂದು ನೀವು ಕೇಳಬಹುದು. ಹಳೆಯ ಡ್ರಾಯಿಂಗುಗಳನ್ನು ತೆರೆದು ಅಲ್ಲಿ ಇಲ್ಲಿ ತಿದ್ದಿ ಪ್ಲಾಟ್ ತೆಗೆಯುವ ಕೆಲಸಕ್ಕೆ ಈ ಏರ್ಪಾಡು ವರ್ಷಗಟ್ಟಲೆ ಸಾಕು. ಆದರೆ ದಿನವೂ ಹೊರಗಿನವರೊಡನೆ ಕಡತ ಕೊಟ್ಟು ತೆಗೆದುಕೊಳ್ಳುವ ಕಚೇರಿ ನಿಮ್ಮದಾದರೆ ಕನ್ವರ್ಟರಿನ ಓಡಾಟ ಬೇಗ ಬೇಸರ ತರಿಸುತ್ತದೆ. ಆಗ ಒಂದೇ ಸಲ ಹಣ ಕೊಟ್ಟು ಶಾಶ್ವತ ಲೈಸೆನ್ಸ್ ಪಡೆಯಬಹುದಾದ ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್‌ಗಳ ಉಚಿತ ಪ್ರಾಯೋಗಿಕ ಆವೃತ್ತಿಯನ್ನು ಇಳಿಸಿಕೊಂಡು ನಿಮ್ಮ ಕಡತಗಳ ಮೇಲೆಯೇ ಪ್ರಯೋಗಿಸಿ ನೋಡಿ. ಅವುಗಳ ಆಜ್ಞೆಗಳು ಬಹುಪಾಲು ಆಟೋಕ್ಯಾಡಿನವೇ ಆಗಿರುವುದರಿಂದ ನಿಮ್ಮ ಡ್ರಾಫ್ಟ್ಸ್‌ಮನ್‌ಗೆ ಕೈ ತಪ್ಪುವುದಿಲ್ಲ. ಉಚಿತವಾದ ಲಿಬ್ರೆಕ್ಯಾಡನ್ನು ಕೆಲವರು ಸೂಚಿಸುತ್ತಾರೆ, ಆದರೆ ಅದು ಡಿಡಬ್ಲ್ಯೂಜಿಯಲ್ಲಿ ಉಳಿಸುವುದಿಲ್ಲವಾದ್ದರಿಂದ ನಿಮ್ಮ ಕೆಲಸಕ್ಕೆ ಒದಗದು.

ಕಟ್ಟಡದ ಏರಿಯಾ ಲೆಕ್ಕಕ್ಕೆ ಲಿಸ್ಪ್ ಬಳಸುತ್ತಿರುವುದಾಗಿಯೂ ಬರೆದಿದ್ದೀರಿ. ಅದು ಓದಲು ಬರುವ ಎಲ್‌ಎಸ್‌ಪಿ ಕಡತವಾಗಿದ್ದರೆ ಈ ಬದಲಿ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಎಆರ್‌ಎಕ್ಸ್ (ಯಂತ್ರಭಾಷೆಗೆ ಬದಲಾಯಿಸಿದ ಪ್ರೋಗ್ರಾಂ) ಆಗಿದ್ದರೆ ನಡೆಯುವುದಿಲ್ಲ, ಏಕೆಂದರೆ ಅಂಥವನ್ನು ಆಟೋಕ್ಯಾಡಿನ ಆಯಾ ಆವೃತ್ತಿಗೆಂದೇ ಕಟ್ಟಿರುತ್ತಾರೆ. ಕಡತದ ಹೆಸರಿನ ಕೊನೆಯಲ್ಲಿ ಯಾವ ಅಕ್ಷರಗಳಿವೆ ಎಂದು ನೋಡಿ ಇಲ್ಲಿಯೇ ತಿಳಿಸಿ. ಎಲ್‌ಎಸ್‌ಪಿ ಆಗಿದ್ದರೆ ಅದನ್ನು ಪರೀಕ್ಷಿಸುವ ಕ್ರಮವನ್ನು ವಿವರವಾಗಿ ಬರೆಯುತ್ತೇನೆ.